ಕ್ಯಾಲಿಫೋರ್ನಿಯಾಗೆ ಒಂದು ವಾರ: ಮೊದಲು ಕಾಡಿನ ರೂಮ್ ಹುಡುಕಿ

ದಾವಣಗೆರೆ ಕಡೆಯಿಂದ ಅಮೆರಿಕಕ್ಕೆ ಹೊರಡುವವರಲ್ಲಿ ಜಾಸ್ತಿ ಮಂದಿ ಹೋಗುವುದು ಮಕ್ಕಳ ಮನೆಗೆ. ಮಗ ಇಲ್ಲೇ ಇಂಜಿನಿಯರಿಂಗ್ ಓದಿ ಸ್ಯಾನ್ ಹೋಸೆಯಲ್ಲೋ ಫ್ರೀಮಾಂಟ್‌ನಲ್ಲೋ ಕೆಲಸಕ್ಕೆ ಸೇರಿರುತ್ತಾನೆ. ಇಲ್ಲವೇ ಮಗಳ ಬಾಣಂತನಕ್ಕೆ ಕರೆ ಬಂದಿರುತ್ತದೆ. ಮಕ್ಕಳಿಗೆ ರಜೆ ಸಿಗುವುದು ಒಂದೇ ವಾರ. ಆ ವಾರದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ, ನಾಪಾದ ದ್ರಾಕ್ಷಿ ಕಣಿವೆ, ಯೊಸೆಮಿಟಿ ರಾಷ್ಟ್ರೀಯ ಉದ್ಯಾನ ಮೂರೂ ಆಗಬೇಕು. ಆಗುತ್ತದೆ. ಆದರೆ ಯಾವುದನ್ನು ಮೊದಲು ಬುಕ್ ಮಾಡುತ್ತೀರಿ ಅನ್ನುವುದರ ಮೇಲೆ ಇಡೀ ವಾರ ನಿಂತಿದೆ.

ನಮ್ಮ ಟ್ರಾವೆಲ್ಸ್ ಆಫೀಸಿಗೆ ಬಂದವರು ಮೊದಲು ಕೇಳುವುದು ವಿಮಾನದ ಟಿಕೆಟ್ ರೇಟು. ನಾನು ಕೇಳುವುದು, ಯೊಸೆಮಿಟಿಯಲ್ಲಿ ಎರಡು ರಾತ್ರಿಯೋ ಮೂರೋ ಅಂತ. ವಿಮಾನ ದಿನಾ ಇದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೋಟೆಲ್‌ಗಳಿಗೆ ಬರವಿಲ್ಲ. ಸುಲಭಕ್ಕೆ ಸಿಗದೇ ಇರುವುದು ಉದ್ಯಾನದ ಒಳಗಿನ ರೂಮು. ಅಲ್ಲಿನ ಲಾಡ್ಜ್‌ಗಳ ಬುಕಿಂಗ್ 366 ದಿನ ಮೊದಲೇ ತೆರೆಯುತ್ತದೆ. ಬೇಸಿಗೆಯ ದಿನಗಳು ಬೇಗ ಖಾಲಿಯಾಗುತ್ತವೆ. ಸಿಗಲಿಲ್ಲ ಅಂತ ಕೈಬಿಡಬೇಡಿ. ವರ್ಷದ ಮುಂಚೆ ಬುಕ್ ಮಾಡಿದವರು ಆಮೇಲೆ ರದ್ದು ಮಾಡುತ್ತಲೇ ಇರುತ್ತಾರೆ. ದಿನಕ್ಕೊಂದು ಸಲ ಸೈಟ್ ನೋಡುವ ಕೆಲಸವನ್ನು ಮಗನಿಗೆ ವಹಿಸಿ.

ಒಳಗೆ ಸಿಗದಿದ್ದರೆ ಹೊರಗಿನ ಊರುಗಳಿವೆ. ಇಲ್ಲಿ ಮ್ಯಾಪ್ ನೋಡಿ ಮೋಸಹೋಗುವವರು ತುಂಬಾ. 140ನೇ ಹೆದ್ದಾರಿಯಲ್ಲಿರುವ ಎಲ್ ಪೋರ್ಟಲ್, ಉದ್ಯಾನದಲ್ಲಿ ಬಹುತೇಕರು ನೋಡುವ ಯೊಸೆಮಿಟಿ ಕಣಿವೆಗೆ ತೀರಾ ಹತ್ತಿರ, ಅರ್ಧ ಗಂಟೆಯೊಳಗೆ. ಅದೇ ರಸ್ತೆಯ ಮಾರಿಪೋಸಾದಿಂದ ಸುಮಾರು ಒಂದು ಗಂಟೆ. ದಕ್ಷಿಣದ ಓಕ್‌ಹರ್ಸ್ಟ್‌ನಲ್ಲಿ ರೂಮು ಸುಲಭವಾಗಿ ಸಿಗುತ್ತದೆ, ಆದರೆ ಅಲ್ಲಿಂದ ಕಣಿವೆಗೆ ಒಂದೂವರೆ ಗಂಟೆ ತಿರುವುಗಳ ರಸ್ತೆ. ಹೋಗಿ ಬರಲು ದಿನಕ್ಕೆ ಮೂರು ಗಂಟೆ ಕಾರಿನಲ್ಲೇ ಕೂರಬೇಕು. ಮಂಡಿ ನೋವಿರುವ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ರೂಮಿನ ದುಡ್ಡು ಉಳಿಸಲು ಹೋಗಿ ಇದನ್ನು ಮೈಮೇಲೆ ಎಳೆದುಕೊಳ್ಳಬೇಡಿ.

ಕಾಡಿನ ತಾರೀಖು ಸಿಕ್ಕಿತು ಅಂದುಕೊಳ್ಳಿ. ಅದು ಸೋಮವಾರದಿಂದ ಗುರುವಾರದ ಒಳಗೆ ಬಿದ್ದರೆ ಒಳ್ಳೆಯದು. ಶನಿವಾರ ಭಾನುವಾರ ಯೊಸೆಮಿಟಿಯಲ್ಲಿ ಪಾರ್ಕಿಂಗ್ ಹುಡುಕುವುದರಲ್ಲೇ ಬೆಳಿಗ್ಗೆ ಮುಗಿಯುತ್ತದೆ. ಹಾಗಾಗಿ ನಾನು ಹೆಣೆಯುವ ವಾರ ಹೀಗಿರುತ್ತದೆ: ಶನಿವಾರ, ಭಾನುವಾರದ ರಾತ್ರಿ ಸ್ಯಾನ್ ಫ್ರಾನ್ಸಿಸ್ಕೊ, ಸೋಮ, ಮಂಗಳ, ಬುಧ ಯೊಸೆಮಿಟಿ, ಗುರು, ಶುಕ್ರ ನಾಪಾ, ಶನಿವಾರ ವಾಪಸ್. ಸ್ಯಾನ್ ಫ್ರಾನ್ಸಿಸ್ಕೊದಿಂದ ನಾಪಾ 80 ಕಿಲೋಮೀಟರ್ ದೂರದಲ್ಲೇ ಇದೆ ಅಂತ ಅದನ್ನು ಮಧ್ಯಕ್ಕೆ ಹಾಕುವವರೇ ಹೆಚ್ಚು. ನನಗೆ ಅದು ಸರಿ ಕಾಣುವುದಿಲ್ಲ. ಮೂರು ದಿನ ನಡೆದು ಸುಸ್ತಾದ ಕಾಲಿಗೆ ನಾಪಾ ಕೊನೆಗೆ ಬಂದರೆ ಹಿತ. ಅಲ್ಲಿಂದ ಏರ್‌ಪೋರ್ಟ್ ಕೂಡ ಹತ್ತಿರ.

ಮಗನ ಮನೆ ಅಲ್ಲೇ ಇದ್ದರೆ ನಗರದ ಹೋಟೆಲ್ ಬೇಡ, ಅಷ್ಟೇ. ಕ್ರಮ ಇದೇ ಇರಲಿ.

"ಹಂಗೇ ಲಾಸ್ ಏಂಜಲೀಸ್, ಲಾಸ್ ವೇಗಸ್ ಸೇರಿಸಿಬಿಡ್ರಿ ಸರ್, ಅಷ್ಟು ದೂರ ಹೋಗಿರ್ತೀವಿ" ಅನ್ನುವವರು ಇದ್ದೇ ಇರುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ 600 ಕಿಲೋಮೀಟರ್ ಮೇಲಿದೆ. ವೇಗಸ್ ಇನ್ನೂ ದೂರ. ಸೇರಿಸಿದರೆ ನೀವು ನೋಡುವುದು ರಸ್ತೆಯನ್ನು ಮಾತ್ರ. ಈ ಒಂದು ವಿಷಯದಲ್ಲಿ ನಾನು ಗಿರಾಕಿ ಮಾತು ಕೇಳುವುದಿಲ್ಲ.

ಯಾವಾಗ ಹೋಗಬೇಕು? ಮಕ್ಕಳ ಶಾಲೆಯ ರಜೆ ಹೇಗೂ ಏಪ್ರಿಲ್, ಮೇ ತಿಂಗಳಲ್ಲೇ ಅಲ್ವಾ? ಮೇ ಮೊದಲ ಮೂರು ವಾರ ನನ್ನ ಆಯ್ಕೆ. ಹಿಮ ಕರಗಿ ಯೊಸೆಮಿಟಿಯ ಜಲಪಾತಗಳು ತುಂಬಿ ಸುರಿಯುವ ಕಾಲ ಅದು. ಅಲ್ಲಿನ ದೊಡ್ಡ ಜಲಪಾತ ಮೂರು ಹಂತ ಸೇರಿ 739 ಮೀಟರ್ ಎತ್ತರ. ಆಗಸ್ಟ್‌ನಲ್ಲಿ ಹೋದರೆ ಬರಿ ಬಂಡೆಯ ಮೇಲಿನ ಗೆರೆ ನೋಡಿಕೊಂಡು ಬರಬೇಕಾದೀತು. ಮೇ ಕೊನೆಯ ಸೋಮವಾರ ಅಮೆರಿಕದಲ್ಲಿ ಸರ್ಕಾರಿ ರಜೆ, ಆ ವಾರಾಂತ್ಯ ತಪ್ಪಿಸಿ. ಒಂದೇ ಕೊರತೆ, ಉದ್ಯಾನದೊಳಗೆ ಬೆಟ್ಟದ ಮೇಲೆ ಹೋಗುವ ಟಿಯೋಗಾ ರಸ್ತೆ ಆಗ ಸಾಮಾನ್ಯವಾಗಿ ಹಿಮದಿಂದ ಮುಚ್ಚಿಯೇ ಇರುತ್ತದೆ. ಬಾಣಂತನಕ್ಕೆ ಹೋಗಿ ನಾಲ್ಕೈದು ತಿಂಗಳು ಇರುವವರು ಸೆಪ್ಟೆಂಬರ್ ಕೂಡ ಯೋಚಿಸಬಹುದು. ನಾಪಾದಲ್ಲಿ ದ್ರಾಕ್ಷಿ ಕೊಯ್ಲು ನಡೆಯುತ್ತಿರುತ್ತದೆ, ನಗರದಲ್ಲೂ ಒಳ್ಳೆಯ ಬಿಸಿಲು. ಆದರೆ ಅದು ಕಾಡ್ಗಿಚ್ಚಿನ ಕಾಲವೂ ಹೌದು. 2017ರಲ್ಲಿ, 2020ರಲ್ಲಿ ನಾಪಾ, ಪಕ್ಕದ ಸೊನೋಮಾ ಭಾಗ ಬೆಂಕಿಗೆ ಸಿಕ್ಕಿ ನರಳಿತ್ತು. ಸೆಪ್ಟೆಂಬರ್‌ಗೆ ಹೋಗುವವರು ರದ್ದು ಮಾಡಿದರೆ ದುಡ್ಡು ವಾಪಸ್ ಬರುವ ರೂಮನ್ನೇ ತೆಗೆದುಕೊಳ್ಳಿ.

ನಗರಕ್ಕೆ ಎರಡು ದಿನ ಸಾಕು, ಅಲ್ಲಿ ಕಾರು ಬೇಡ. ಏರ್‌ಪೋರ್ಟ್‌ನಿಂದ ಬಾರ್ಟ್ ರೈಲು ಅರ್ಧ ಗಂಟೆಯಲ್ಲಿ ಊರ ಮಧ್ಯಕ್ಕೆ ತಂದು ಬಿಡುತ್ತದೆ. ಹೋಟೆಲ್‌ನಲ್ಲಿ ಕಾರು ನಿಲ್ಲಿಸುವುದಕ್ಕೇ ದುಬಾರಿ ಬಾಡಿಗೆ. ಅದಕ್ಕಿಂತ ಮುಖ್ಯ, ನಿಲ್ಲಿಸಿದ ಕಾರಿನ ಗಾಜು ಒಡೆದು ಬ್ಯಾಗ್ ಎತ್ತುವುದು ಅಲ್ಲಿ ಹಳೆಯ ಕಾಟ. ಬೇಸಿಗೆಯಲ್ಲೂ ಸ್ವೆಟರ್ ಬೇಕು. ಜುಲೈ, ಆಗಸ್ಟ್‌ನಲ್ಲಿ ಸಮುದ್ರದ ಮಂಜು ಬಂದರೆ 1937ರಲ್ಲಿ ತೆರೆದ ಗೋಲ್ಡನ್ ಗೇಟ್ ಸೇತುವೆ ಪೂರ್ತಿ ಮಾಯ. ಅಲ್ಕಟ್ರಾಜ್ ಜೈಲಿನ ದ್ವೀಪ ನೋಡುವುದಾದರೆ ದೋಣಿ ಟಿಕೆಟ್ ಇಲ್ಲಿಂದಲೇ ಮಾಡಿ. 1934ರಿಂದ 1963ರವರೆಗೆ ಅಮೆರಿಕದ ಕುಖ್ಯಾತ ಕೈದಿಗಳನ್ನು ಇಟ್ಟಿದ್ದ ಜಾಗ ಅದು. ಬೀದಿಯಲ್ಲಿ ಹಳಿ ಮೇಲೆ ಓಡುವ ಕೇಬಲ್ ಕಾರ್ ಹತ್ತಲು ಪೊವೆಲ್ ಬೀದಿಯ ಉದ್ದ ಸಾಲಿನಲ್ಲಿ ಸುಮ್ನೆ ನಿಲ್ಲಬೇಡಿ. ಕ್ಯಾಲಿಫೋರ್ನಿಯಾ ಬೀದಿಯ ಗಾಡಿಗೆ ಜನ ಕಡಿಮೆ.

ಬೇಸಿಗೆಯಲ್ಲಿ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಹಗಲು ರಾತ್ರಿ ತಲೆಕೆಳಗು. ಇಳಿದ ದಿನವೇ ಸ್ಟಿಯರಿಂಗ್ ಹಿಡಿಯಬಾರದು ಅನ್ನುವುದಕ್ಕೆ ಇದೂ ಒಂದು ಕಾರಣ. ಎರಡು ದಿನ ನಗರದಲ್ಲಿ ನಿದ್ದೆ ಸರಿ ಮಾಡಿಕೊಂಡು ಸೋಮವಾರ ಬೆಳಿಗ್ಗೆ ಬಾಡಿಗೆ ಕಾರು ಪಡೆಯಿರಿ. ನಮ್ಮ ಡಿಎಲ್ ಇಂಗ್ಲಿಷ್‌ನಲ್ಲೂ ಇರುವುದರಿಂದ ಪ್ರವಾಸಿಗಳು ಅದರಲ್ಲೇ ಓಡಿಸಬಹುದು. ಆದರೂ ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡರೆ ಕೌಂಟರ್‌ನಲ್ಲಿ ತಕರಾರು ಇರುವುದಿಲ್ಲ. ಎಂಟು ವರ್ಷದೊಳಗಿನ ಮಕ್ಕಳಿಗೆ ಅವರ ಅಳತೆಯ ಸೀಟು ಕಡ್ಡಾಯ. ತೊಡೆ ಮೇಲೆ ಕೂರಿಸಿಕೊಳ್ಳುವ ನಮ್ಮ ಅಭ್ಯಾಸ ಅಲ್ಲಿ ನಡೆಯದು.

ಯೊಸೆಮಿಟಿಗೆ ಸುಮಾರು 270 ಕಿಲೋಮೀಟರ್, ನಾಲ್ಕು ಗಂಟೆ ದಾರಿ. ಮ್ಯಾಂಟೀಕಾ, ಓಕ್‌ಡೇಲ್ ಸುತ್ತಮುತ್ತ ಬಾದಾಮಿ ತೋಟಗಳು. ಜಗತ್ತಿನ ಬಾದಾಮಿಯಲ್ಲಿ ಹೆಚ್ಚೂಕಡಿಮೆ ನೂರಕ್ಕೆ 80 ಪಾಲು ಕ್ಯಾಲಿಫೋರ್ನಿಯಾದ್ದು. ಆಗಸ್ಟ್, ಸೆಪ್ಟೆಂಬರ್‌ನಲ್ಲಿ ಹೋದರೆ ಮಷಿನ್ ಬಂದು ಮರದ ಕಾಂಡ ಹಿಡಿದು ಅಲ್ಲಾಡಿಸಿ ಕಾಯಿ ಉದುರಿಸುವುದು ಕಾಣಬಹುದು. ಚನ್ನಗಿರಿ ಕಡೆಯ ಅಡಿಕೆ ಬೆಳೆಗಾರರು ಪ್ರವಾಸದಿಂದ ಬಂದು ನನಗೆ ಜಲಪಾತಕ್ಕಿಂತ ಈ ಮಷಿನ್ ಬಗ್ಗೆಯೇ ಹೆಚ್ಚು ಹೇಳಿದ್ದುಂಟು! ಬೆಟ್ಟ ಹತ್ತುವ ಮುಂಚೆ ಟ್ಯಾಂಕ್ ತುಂಬಿಸಿ. ಯೊಸೆಮಿಟಿ ಕಣಿವೆಯೊಳಗೆ ಪೆಟ್ರೋಲ್ ಬಂಕ್ ಇಲ್ಲ. ಮೊಬೈಲ್ ಸಿಗ್ನಲ್ ಕೂಡ ಹೋಗುತ್ತಾ ಬರುತ್ತಾ ಇರುತ್ತದೆ, ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ.

ಗೇಟಿನ ದುಡ್ಡಿನ ಲೆಕ್ಕ ಬದಲಾಗಿದೆ. ಮೊದಲು ಕಾರಿಗೆ 35 ಡಾಲರ್ ಕೊಟ್ಟರೆ ಏಳು ದಿನ ನಡೆಯುತ್ತಿತ್ತು. 2026ರ ಜನವರಿಯಿಂದ ಯೊಸೆಮಿಟಿ ಸೇರಿ 11 ದೊಡ್ಡ ಉದ್ಯಾನಗಳಲ್ಲಿ ಅಮೆರಿಕದ ನಿವಾಸಿಗಳಲ್ಲದ, 16 ವರ್ಷ ತುಂಬಿದ ಪ್ರತಿಯೊಬ್ಬರಿಗೂ ಇದರ ಮೇಲೆ 100 ಡಾಲರ್. ಅಪ್ಪ ಅಮ್ಮ ಇಬ್ಬರಿಗೆ 200 ಆಯಿತು. ಹೊರಗಿನವರ ವಾರ್ಷಿಕ ಪಾಸ್ 250 ಡಾಲರ್. ಗ್ರ್ಯಾಂಡ್ ಕ್ಯಾನಿಯನ್‌ನಂಥ ಇನ್ನೊಂದು ಜಾಗವೂ ಅದೇ ವರ್ಷ ಇದ್ದರೆ ಪಾಸ್ ವಾಸಿ. ಕೆಲವು ವರ್ಷ ಬೇಸಿಗೆಯ ದಟ್ಟಣೆಗೆ ಪ್ರವೇಶಕ್ಕೇ ಬುಕಿಂಗ್ ಕೇಳಿದ್ದಾರೆ. ಹೊರಡುವ ತಿಂಗಳು ಉದ್ಯಾನದ ವೆಬ್‌ಸೈಟ್ ತೆರೆದು ಆ ವರ್ಷದ ನಿಯಮ ಓದಿಕೊಳ್ಳಿ.

ಇನ್ನು ನೋಡುವುದು. ಸುಮಾರು 3,000 ಚದರ ಕಿಲೋಮೀಟರ್ ಜಾಗ, ಆದರೆ ಬಹುತೇಕರು ನೋಡುವುದು ಸುಮಾರು 12 ಕಿಲೋಮೀಟರ್ ಉದ್ದದ ಕಣಿವೆ ಒಂದನ್ನೇ. ಅದಕ್ಕೇನೂ ಬೇಜಾರು ಬೇಡ. ಕೋಟೆ ನೋಡಿ ಬೆಳೆದ ಚಿತ್ರದುರ್ಗದವರಿಗೆ ಬಂಡೆ ಹೊಸದಲ್ಲ. ಅಲ್ಲಿಯದೂ ಗ್ರಾನೈಟ್, ದುರ್ಗದ್ದೂ ಗ್ರಾನೈಟ್. ವಯಸ್ಸಿನಲ್ಲಿ ನಮ್ಮದೇ ಹಿರಿದು, 250 ಕೋಟಿ ವರ್ಷಕ್ಕೂ ಹಳೆಯದು. ಎಲ್ ಕ್ಯಾಪಿಟನ್ ಬಂಡೆಗೆ ಸುಮಾರು 10 ಕೋಟಿ ವರ್ಷ. ನಮ್ಮ ಬಂಡೆಗಳು ಬಿಸಿಲು ಮಳೆಗೆ ಸವೆದು ಗುಂಡಗಾದವು. ಅಲ್ಲಿ ಹಿಮನದಿಗಳು ಹರಿದು ಕಣಿವೆಯನ್ನು ಕೊರೆದವು. ಹಾಗಾಗಿ ಎಲ್ ಕ್ಯಾಪಿಟನ್ ನೆಲದಿಂದ 900 ಮೀಟರ್ ನೆಟ್ಟಗೆ ಎದ್ದು ನಿಂತಿದೆ. ಕೋಟೆ ಗೋಡೆ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿದವರಿಗೆ ಇಲ್ಲೊಂದು ಕೆಲಸವಿದೆ. ಬೈನಾಕ್ಯುಲರ್ ಹಿಡಿದು ಹುಲ್ಲುಗಾವಲಲ್ಲಿ ಕೂತರೆ ಆ ಬಂಡೆಯ ಮೇಲೆ ಇರುವೆಯಷ್ಟು ಸಣ್ಣಗೆ ಕಾಣುವ ಮನುಷ್ಯರು ಹಗ್ಗ ಹಿಡಿದು ಹತ್ತುತ್ತಿರುತ್ತಾರೆ. 2017ರ ಜೂನ್‌ನಲ್ಲಿ ಅಲೆಕ್ಸ್ ಹೊನೋಲ್ಡ್ ಹಗ್ಗವೇ ಇಲ್ಲದೆ ಅದನ್ನು ಹತ್ತಿದರು.

ಸಮಯದ ವ್ಯತ್ಯಾಸದಿಂದ ಬೆಳಗಿನ ಜಾವ ಮೂರಕ್ಕೇ ಎಚ್ಚರವಾಗುವುದು ಇನ್ನೂ ಪೂರ್ತಿ ನಿಂತಿರುವುದಿಲ್ಲ. ಅದನ್ನೇ ಉಪಯೋಗಿಸಿಕೊಳ್ಳಿ. ಬೇಗ ಎದ್ದು ಟನೆಲ್ ವ್ಯೂ ಜಾಗಕ್ಕೆ ಹೋದರೆ ಎಲ್ ಕ್ಯಾಪಿಟನ್, ಹಾಫ್ ಡೋಮ್, ಬ್ರೈಡಲ್‌ವೇಲ್ ಜಲಪಾತ ಒಂದೇ ನೋಟಕ್ಕೆ ಸಿಗುತ್ತವೆ, ಜನರ ನೂಕುನುಗ್ಗಲಿಲ್ಲದೆ. ವಯಸ್ಸಾದವರಿಗೆ ಕೆಳಗಿನ ಯೊಸೆಮಿಟಿ ಜಲಪಾತದ ದಾರಿ ಸಮತಟ್ಟು. ಕಣಿವೆಯೊಳಗೆ ಉಚಿತ ಬಸ್ ಓಡುತ್ತದೆ. ಒಂದು ದಿನ ಮಾರಿಪೋಸಾ ಗ್ರೋವ್‌ಗೆ ಇಡಿ. ಹೆಸರು ಕೇಳಿ ಇದನ್ನು ಮಾರಿಪೋಸಾ ಊರು ಅಂದುಕೊಳ್ಳಬೇಡಿ, ಅದು ಉದ್ಯಾನದ ದಕ್ಷಿಣ ತುದಿಯಲ್ಲಿರುವ ಸೆಕ್ವೋಯಾ ಮರಗಳ ತೋಪು. ಅಲ್ಲಿನ ಒಂದು ಮರಕ್ಕೆ ಸುಮಾರು 3,000 ವರ್ಷ.

ಊಟದ ಮಾತು. ಕಣಿವೆಯಲ್ಲಿ ಸಸ್ಯಾಹಾರ ಅಂದರೆ ಪಿಜ್ಜಾ, ಸಲಾಡ್ ಅಷ್ಟೇ ಅಂದುಕೊಳ್ಳಿ. ಹಾಗಾಗಿ ನಮ್ಮವರ ಚೀಲದಲ್ಲಿ ಚಟ್ನಿಪುಡಿ, ರೊಟ್ಟಿ, ಚಕ್ಕುಲಿ, ಒಗ್ಗರಣೆ ಮಂಡಕ್ಕಿ ಇದ್ದೇ ಇರುತ್ತದೆ. ತರಲಿ. ಇಮಿಗ್ರೇಷನ್ ಮುಗಿಸಿ ಬರುವಾಗ ತಿಂಡಿ ಇದೆ ಅಂತ ಹೇಳಿಬಿಡಿ, ಮುಚ್ಚಿಡಬೇಡಿ. ಹಸಿ ಕರಿಬೇವು, ಹಣ್ಣು, ಬಿತ್ತನೆ ಬೀಜ ಮಾತ್ರ ಬೇಡವೇ ಬೇಡ. ಯೊಸೆಮಿಟಿಗೆ ಹೋದ ಮೇಲೆ ಇನ್ನೊಂದು ಎಚ್ಚರ: ಅಲ್ಲಿ ಕರಡಿಗಳಿವೆ. ರಾತ್ರಿ ಕಾರಿನಲ್ಲಿ ತಿನ್ನುವ ವಸ್ತು ಬಿಡುವಂತಿಲ್ಲ. ಕಾರಿನ ಬಾಗಿಲು ಕಿತ್ತು ಒಳಗೆ ನುಗ್ಗುವ ಶಕ್ತಿ, ಮೂಗು ಎರಡೂ ಅದಕ್ಕಿದೆ. ಟೆಂಟ್ ಇರುವ ಕಡೆ ಕಬ್ಬಿಣದ ಪೆಟ್ಟಿಗೆ ಇಟ್ಟಿರುತ್ತಾರೆ, ತಿಂಡಿ ಜೊತೆಗೆ ಪೇಸ್ಟು, ಸೋಪು, ತಲೆಗೆ ಹಚ್ಚುವ ಎಣ್ಣೆಯೂ ಅದರಲ್ಲೇ ಇರಬೇಕು. ತಪ್ಪಿದರೆ ದಂಡ.

ನಾಪಾ ಅಂದ ಕೂಡಲೇ ನಮ್ಮ ಕಡೆ ಹಿರಿಯರು ಮುಖ ಸಣ್ಣ ಮಾಡುತ್ತಾರೆ. "ನಾವು ಕುಡಿಯೋರೇ ಅಲ್ಲ, ಅಲ್ಲಿಗೆ ಹೋಗಿ ಏನ್ ಮಾಡೋದ್ರಿ ಸರ್?" ನನ್ನ ಉತ್ತರ, ತೋಟ ನೋಡ್ರಿ ಅಂತ. ಸುಮಾರು 48 ಕಿಲೋಮೀಟರ್ ಉದ್ದದ ಕಣಿವೆ, ಎರಡೂ ಕಡೆ ಬೆಟ್ಟ, ಮಧ್ಯೆ ಬರೀ ದ್ರಾಕ್ಷಿ. 29ನೇ ಹೆದ್ದಾರಿಯಲ್ಲಿ ಗಾಡಿಗಳ ಸಾಲು, ಅದಕ್ಕೆ ಸಮಾನಾಂತರವಾಗಿ ಹೋಗುವ ಸಿಲ್ವರಾಡೋ ಟ್ರೇಲ್ ರಸ್ತೆ ಶಾಂತ. ನಾನು ಎರಡನೆಯದನ್ನೇ ಹೇಳುವುದು. ಕುಡಿಯದವರಿಗೆ ಹಳೆಯ ಬೋಗಿಗಳ ವೈನ್ ಟ್ರೈನ್ ಇದೆ, ಊಟ ಮಾಡುತ್ತಾ ಮೂರು ಗಂಟೆ ತೋಟಗಳ ಮಧ್ಯೆ ಹೋಗಿ ಬರಬಹುದು. ಉತ್ತರದ ತುದಿಯ ಕ್ಯಾಲಿಸ್ಟೋಗಾದಲ್ಲಿ ಬಿಸಿನೀರಿನ ಬುಗ್ಗೆ. ನಡೆದು ನೊಂದ ಮಂಡಿಗೆ ಅದೇ ಔಷಧಿ.

ರುಚಿ ನೋಡುವವರಿಗೆ ಎರಡು ಮಾತು. ಬಹುತೇಕ ವೈನರಿಗಳಿಗೆ ಮೊದಲೇ ಸಮಯ ಗೊತ್ತು ಮಾಡಿಕೊಂಡು ಹೋಗಬೇಕು, ತಲೆಗೆ 50 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಕೇಳುವುದು ಮಾಮೂಲು. ದಿನಕ್ಕೆ ಎರಡು ಸಾಕು. ಮೂರನೆಯದರಲ್ಲಿ ನಾಲಿಗೆಗೆ ಯಾವುದೂ ತಿಳಿಯುವುದಿಲ್ಲ. ನಂದಿ ಬೆಟ್ಟದ ಬುಡದಲ್ಲಿ ವೈನ್ ತೋಟ ನೋಡಿದವರಿಗೆ ಪದ್ಧತಿ ಗೊತ್ತಿರುತ್ತದೆ: ಗುಟುಕು ಬಾಯಲ್ಲಿಟ್ಟು ಪಕ್ಕದ ಪಾತ್ರೆಗೆ ಉಗಿದರೆ ಯಾರೂ ತಪ್ಪು ತಿಳಿಯುವುದಿಲ್ಲ. 1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರೇ ಹೆಸರು ಮುಚ್ಚಿದ ಬಾಟಲಿಗಳ ರುಚಿ ನೋಡಿ ನಾಪಾದ ಎರಡು ವೈನ್‌ಗಳಿಗೆ ಮೊದಲ ಸ್ಥಾನ ಕೊಟ್ಟಿದ್ದರು, ಕೆಂಪಿನಲ್ಲಿ ಸ್ಟ್ಯಾಗ್ಸ್ ಲೀಪ್, ಬಿಳಿಯಲ್ಲಿ ಶಾಟೋ ಮಾಂಟೆಲೇನಾ. ಎರಡೂ ಈಗಲೂ ಇವೆ. ಈ ಕಥೆ ಗೊತ್ತಿದ್ದು ಹೋದರೆ ಗೈಡ್ ಹೇಳುವುದು ತಲೆಗೆ ಹತ್ತುತ್ತದೆ. ಗಾಡಿ ಓಡಿಸುವವರು ಕುಡಿಯಬಾರದು, ಇದರಲ್ಲಿ ರಾಜಿ ಇಲ್ಲ. ಕುಡಿಯದ ಒಬ್ಬರು ಮನೆಯಲ್ಲಿ ಇದ್ದೇ ಇರುತ್ತಾರೆ, ಕೀಲಿ ಅವರ ಕೈಲಿರಲಿ. ತೆರೆದ ಬಾಟಲಿಯನ್ನು ಸೀಟಿನ ಹತ್ತಿರ ಇಡುವುದೂ ಅಪರಾಧ, ಡಿಕ್ಕಿಯಲ್ಲೇ ಇಡಿ. ವಯಸ್ಸು 21 ಆಗದವರಿಗೆ ಗ್ಲಾಸ್ ಕೊಡುವುದಿಲ್ಲ, ಪಾಸ್‌ಪೋರ್ಟ್ ಕೇಳುತ್ತಾರೆ.

ಶನಿವಾರ ಏರ್‌ಪೋರ್ಟ್‌ಗೆ ಸುಮಾರು 100 ಕಿಲೋಮೀಟರ್. ಗೋಲ್ಡನ್ ಗೇಟ್ ದಾಟಿ ನಗರಕ್ಕೆ ಬರುವಾಗ ಟೋಲ್ ಇದೆ, ನಗದು ತೆಗೆದುಕೊಳ್ಳುವ ಬೂತ್ ಇಲ್ಲ. ಬಾಡಿಗೆ ಕಾರಿನವರು ಅದನ್ನು ಹೇಗೆ ಹಾಕುತ್ತಾರೆ ಅಂತ ಕಾರು ಪಡೆಯುವಾಗಲೇ ಕೇಳಿಟ್ಟುಕೊಳ್ಳಿ. ಮನೆಗೆ ಬಾಟಲಿ ತರುವವರು ಚೆಕ್-ಇನ್ ಬ್ಯಾಗಿನಲ್ಲಿ ಬಟ್ಟೆ ಸುತ್ತಿ ಇಡಿ. ನಮ್ಮ ಕಸ್ಟಮ್ಸ್‌ನಲ್ಲಿ ಸುಂಕವಿಲ್ಲದೆ ತಲೆಗೆ ಎರಡು ಲೀಟರ್ ತರಬಹುದು. 750 ಮಿಲಿಲೀಟರ್ ಬಾಟಲಿಯಾದರೆ ಒಬ್ಬರಿಗೆ ಎರಡೇ. ಮೂರನೆಯದು ಇಟ್ಟರೆ ಎರಡೂಕಾಲು ಲೀಟರ್ ಆಗುತ್ತದೆ.