ಕೈ ಬಿಟ್ಟರೂ ಹಾರುವ ವಿಮಾನಗಳು

ಹಳೆಯ ವಿನ್ಯಾಸದ ಮಾಡೆಲ್ ವಿಮಾನವೊಂದನ್ನು ನೂರು ಮೀಟರ್ ಎತ್ತರಕ್ಕೆ ಹತ್ತಿಸಿ, ರಿಮೋಟಿನಿಂದ ಬೆರಳು ತೆಗೆದುಬಿಡಿ. ಸರಿಯಾಗಿ ಟ್ರಿಮ್ ಮಾಡಿದ, ಅಂದರೆ ತೂಕ ಮತ್ತು ಕೋನಗಳನ್ನು ಹೊಂದಿಸಿದ ವಿಮಾನವಾದರೆ ಏನೂ ಆಗುವುದಿಲ್ಲ. ತನ್ನ ಪಾಡಿಗೆ ತಾನು ದೊಡ್ಡ ಸುತ್ತು ಹಾಕುತ್ತಾ ಇರುತ್ತದೆ. ಗಾಳಿ ಪಕ್ಕಕ್ಕೆ ತಳ್ಳಿದರೆ ಸ್ವಲ್ಪ ವಾಲುತ್ತದೆ, ಆಮೇಲೆ ತಾನೇ ನೆಟ್ಟಗಾಗುತ್ತದೆ. ಇದೇ ಪ್ರಯೋಗವನ್ನು ಪಲ್ಟಿ ಹೊಡೆಯಲೆಂದೇ ಮಾಡಿದ ಈಗಿನ ಮಾಡೆಲ್ ಮೇಲೆ ಮಾಡಬೇಡಿ. ಚೂರು ಆರಿಸಿಕೊಂಡು ಬರಬೇಕಾದೀತು.

1930, 40ರ ದಶಕದ ಇಂಥ ವಿನ್ಯಾಸಗಳನ್ನು ಜನ ಇಂದಿಗೂ ಹೊಸದಾಗಿ ಕಟ್ಟಿ ಹಾರಿಸುತ್ತಾರೆ. ಅದಕ್ಕೆಂದೇ ಸಂಘಗಳಿವೆ, ಸ್ಪರ್ಧೆಗಳಿವೆ, ನಿಯಮಗಳಿವೆ. ಅಮೆರಿಕದ ಸೊಸೈಟಿ ಆಫ್ ಆಂಟಿಕ್ ಮಾಡೆಲರ್ಸ್ ಸಂಘದ ಲೆಕ್ಕದಲ್ಲಿ 'ಓಲ್ಡ್ ಟೈಮರ್' ಎನ್ನಿಸಿಕೊಳ್ಳಲು ವಿನ್ಯಾಸ 1942 ಮುಗಿಯುವುದರೊಳಗೆ ಬಂದಿರಬೇಕು. ಬ್ರಿಟನ್ನಿನವರು 'ವಿಂಟೇಜ್' ಗೆರೆಯನ್ನು 1950ರ ಕೊನೆಗೆ ಎಳೆದಿದ್ದಾರೆ. ವಿಮಾನ ಹಳೆಯದಾಗಿರಬೇಕಿಲ್ಲ, ನಕ್ಷೆ ಹಳೆಯದಾದರೆ ಸಾಕು. ಮರ, ಕಾಗದ, ಅಂಟು ನಿನ್ನೆ ತಂದದ್ದಾದರೂ ನಡೆಯುತ್ತದೆ.

ಇದನ್ನೆಲ್ಲ ಬಾಲ್ಯದ ನೆನಪಿನ ಹುಚ್ಚು ಎಂದು ತಳ್ಳಿಹಾಕುವವರಿದ್ದಾರೆ. ನನಗೆ ಆ ಮಾತು ಒಪ್ಪಿಗೆಯಿಲ್ಲ. ಈ ನಕ್ಷೆಗಳು ಅಚ್ಚಾದಾಗ ಹುಟ್ಟಿಯೇ ಇರದವರೂ ಇವುಗಳ ಹಿಂದೆ ಬಿದ್ದಿದ್ದಾರೆ. ಅವರಿಗೆ ಯಾವ ಬಾಲ್ಯದ ನೆನಪು? ಆಕರ್ಷಣೆಯ ಕಾರಣ ವಿಮಾನದಲ್ಲೇ ಇದೆ. ಇವನ್ನು ರೂಪಿಸಿದ ಕಾಲದಲ್ಲಿ ಕೆಳಗೆ ನಿಂತು ನಡೆಸುವ ಉಪಾಯವೇ ಹೆಚ್ಚುಕಡಿಮೆ ಇರಲಿಲ್ಲ. ಕೈಯಿಂದ ಬಿಟ್ಟ ಮೇಲೆ ಮುಗಿಯಿತು. ಏರುವುದು, ತಿರುಗುವುದು, ತೇಲುವುದು, ಇಳಿಯುವುದು ಎಲ್ಲವನ್ನೂ ವಿಮಾನವೇ ನೋಡಿಕೊಳ್ಳಬೇಕಿತ್ತು. ಈ ಬಗೆಯ ಹಾರಾಟಕ್ಕೆ ಫ್ರೀ ಫ್ಲೈಟ್ ಎನ್ನುತ್ತಾರೆ. ಪೈಲಟ್ ಮಾಡಬೇಕಾದ ಕೆಲಸವನ್ನೆಲ್ಲ ರೆಕ್ಕೆಯ ಬಾಗು, ಬಾಲದ ಕೋನ, ತೂಕದ ಜಾಗ ಇವಕ್ಕೇ ವಹಿಸಿಬಿಟ್ಟಿದ್ದರು.

ಈ ಉಪಾಯದ ಬೇರು ಇನ್ನೂ ಹಿಂದಿನದು. 1871ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಆಲ್ಫಾನ್ಸ್ ಪೆನೋ ಎಂಬ 21ರ ಯುವಕ ಒಂದು ಪುಟ್ಟ ವಿಮಾನ ಹಾರಿಸಿದ. ಹೆಸರು ಪ್ಲಾನೋಫೋರ್. ತಿರುಚಿದ ರಬ್ಬರೇ ಅದರ ಎಂಜಿನ್. ಹಾರಿದ್ದು 11 ಸೆಕೆಂಡು. ಅಷ್ಟೇನಾ ಅನ್ನಿಸಬಹುದು. ಆದರೆ ಆ 11 ಸೆಕೆಂಡು ಅದು ಯಾರ ಸಹಾಯವೂ ಇಲ್ಲದೆ ಸಮತೋಲ ಕಾಯ್ದುಕೊಂಡಿತ್ತು. ರೈಟ್ ಸಹೋದರರು ಹಾರುವುದಕ್ಕೆ 32 ವರ್ಷ ಮೊದಲಿನ ಮಾತು ಇದು. ಅಂದಹಾಗೆ, ರೈಟ್ ಹುಡುಗರಿಗೆ ಅವರಪ್ಪ 1878ರಲ್ಲಿ ತಂದುಕೊಟ್ಟ ಹಾರುವ ಆಟಿಕೆಯೂ ಪೆನೋನ ರಬ್ಬರ್ ಹೆಲಿಕಾಪ್ಟರಿನ ಮಾದರಿಯದೇ.

ಪೆನೋ ಮಾಡಿದ್ದು ಇಷ್ಟು: ರೆಕ್ಕೆಯ ಹಿಂದೆ ಒಂದು ಬಾಲ ಇಟ್ಟ, ಅದರ ಕೋನವನ್ನು ರೆಕ್ಕೆಯ ಕೋನಕ್ಕಿಂತ ಕಡಿಮೆ ಮಾಡಿದ. ಇದರಲ್ಲಿ ಏನು ಮಹಾ ಇದೆ? ಸಣ್ಣ ಲೆಕ್ಕ ಹಾಕೋಣ. ರೆಕ್ಕೆ ಗಾಳಿಗೆ 4 ಡಿಗ್ರಿ ಕೋನದಲ್ಲಿದೆ, ಬಾಲ 1 ಡಿಗ್ರಿಯಲ್ಲಿದೆ ಅಂದುಕೊಳ್ಳಿ. ಎರಡರ ಎತ್ತುವ ಬಲವೂ ತೂಕದ ಕೇಂದ್ರದ ಸುತ್ತ ಸಮನಾಗಿ ಹಂಚಿಹೋಗಿದೆ. ಈಗ ಗಾಳಿ ಬೀಸಿ ಮೂತಿ 2 ಡಿಗ್ರಿ ಮೇಲೆದ್ದಿತು. ರೆಕ್ಕೆಯ ಕೋನ 4ರಿಂದ 6ಕ್ಕೆ ಹೋಯಿತು, ಅಂದರೆ ಒಂದೂವರೆ ಪಟ್ಟು. ಬಾಲದ್ದು 1ರಿಂದ 3ಕ್ಕೆ, ಅಂದರೆ ಮೂರು ಪಟ್ಟು. ಎತ್ತುವ ಬಲ ಕೋನದ ಜೊತೆಗೇ ಏರುತ್ತದೆ. ಹಾಗಾಗಿ ಬಾಲದ ಬಲ ಜಾಸ್ತಿಯಾಗಿ ಹಿಂಭಾಗ ಮೇಲೇಳುತ್ತದೆ, ಮೂತಿ ಕೆಳಗೆ ಬರುತ್ತದೆ. ಮೂತಿ ಬಗ್ಗಿದರೆ ಇದೇ ಲೆಕ್ಕ ತಿರುಗಾಮುರುಗಾ ನಡೆದು ಅದನ್ನು ಎತ್ತುತ್ತದೆ. ರೆಕ್ಕೆ ಹಿಂದಕ್ಕೆ ತಳ್ಳುವ ಗಾಳಿ ಬಾಲಕ್ಕೆ ಬಡಿಯುವುದನ್ನು ಇಲ್ಲಿ ಬಿಟ್ಟಿದ್ದೇನೆ, ಆದರೆ ತಿರುಳು ಇದೇ. ತೂಕದ ಕೇಂದ್ರವನ್ನು ತೀರಾ ಹಿಂದಕ್ಕೆ ತಂದರೆ ಮಾತ್ರ ಈ ಆಟ ಕೆಡುತ್ತದೆ.

ಇನ್ನು ಪಕ್ಕಕ್ಕೆ ವಾಲುವುದು. ಹಳೆಯ ಮಾಡೆಲ್‌ಗಳ ರೆಕ್ಕೆಯನ್ನು ಎದುರಿನಿಂದ ನೋಡಿದರೆ ತುದಿಗಳು ಮೇಲಕ್ಕೆ ಎದ್ದಿರುತ್ತವೆ. ಇದಕ್ಕೆ ಡೈಹೆಡ್ರಲ್ ಎಂದು ಹೆಸರು. ವಿಮಾನ ಎಡಕ್ಕೆ ವಾಲಿತು ಎಂದರೆ ಎಡಕ್ಕೇ ಜಾರತೊಡಗುತ್ತದೆ. ಜಾರುವಾಗ ಗಾಳಿ ಎಡಗಡೆಯಿಂದಲೂ ಬಡಿಯುತ್ತದೆ. ರೆಕ್ಕೆ ಮೇಲಕ್ಕೆದ್ದಿರುವುದರಿಂದ ಕೆಳಗಾದ ರೆಕ್ಕೆಗೆ ಆ ಗಾಳಿ ಹೆಚ್ಚು ಕೋನದಲ್ಲಿ ಸಿಗುತ್ತದೆ, ಆಚೆಯದಕ್ಕೆ ಕಡಿಮೆ. ಕೆಳಗಾದದ್ದು ಏಳುತ್ತದೆ. ಜಾರದೇ ಇದ್ದರೆ ಸರಿಹೋಗುವುದೂ ಇಲ್ಲ ಎನ್ನುವುದು ಇದರ ತಮಾಷೆ. ಹಿಂದಿನ ನಿಂತ ಬಾಲಕ್ಕೂ ಇಲ್ಲಿ ಪಾಲಿದೆ. ಅದು ತೀರಾ ದೊಡ್ಡದಾದರೆ ವಿಮಾನ ಜಾರುವ ಮೊದಲೇ ಮೂತಿ ಅತ್ತ ತಿರುಗಿ, ಸುತ್ತು ಬಿಗಿಯಾಗುತ್ತಾ ಸುರುಳಿಯಾಗಿ ನೆಲಕ್ಕಿಳಿಯುತ್ತದೆ. ತೀರಾ ಚಿಕ್ಕದಾದರೆ ಬಾಲಂಗೋಚಿ ಕಡಿಮೆಯಾದ ಗಾಳಿಪಟದ ಹಾಗೆ ಒದ್ದಾಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ಈ ಅಳತೆಯನ್ನು ಕಟ್ಟಿ, ಕೆಡವಿ, ಮತ್ತೆ ಕಟ್ಟಿ ಕಂಡುಕೊಂಡರು.

ಎಂಜಿನ್ ಬಂದ ಮೇಲೆ ಕಷ್ಟ ಇಮ್ಮಡಿಯಾಯಿತು. ತೇಲುವಾಗ ನಿಧಾನಕ್ಕೆ ಹೋಗುವ ವಿಮಾನ ಎಂಜಿನ್ ಜೋರಾದಾಗ ರಭಸದಿಂದ ಹೋಗುತ್ತದೆ. ಒಂದಕ್ಕೆ ಹೊಂದಿದ ಕೋನ ಇನ್ನೊಂದಕ್ಕೆ ಹೊಂದುವುದಿಲ್ಲ. ಸುಮ್ನೆ ಬಿಟ್ಟರೆ ಮೂತಿ ಎತ್ತಿ ಹಿಂದಕ್ಕೆ ಪಲ್ಟಿ ಹೊಡೆಯುತ್ತದೆ. ಅದಕ್ಕೇ ಎಂಜಿನ್ನನ್ನು ಒಂದೆರಡು ಡಿಗ್ರಿ ಕೆಳಕ್ಕೆ, ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಕೂರಿಸಿದರು. ಕಾರ್ಲ್ ಗೋಲ್ಡ್‌ಬರ್ಗ್ 1938ರ 'ಜಿಪ್ಪರ್' ವಿಮಾನದಲ್ಲಿ ರೆಕ್ಕೆಯನ್ನು ಮೈಯಿಂದ ಮೇಲೆ ಒಂದು ಕಂಬದಂಥ ಪೀಠದ ಮೇಲಿಟ್ಟರು. ಅದು ಸುರುಳಿ ಸುತ್ತುತ್ತಾ ಕಡಿದಾಗಿ ಏರುತ್ತಿತ್ತು. ಆಮೇಲೆ ಬಂದ ಎಷ್ಟೋ ಸ್ಪರ್ಧಾ ವಿಮಾನಗಳು ಅದೇ ದಾರಿ ಹಿಡಿದವು. ನೋಡಲು ಅಂದವೇನಲ್ಲ, ಕೊಕ್ಕರೆ ಕಾಲಿನ ಮೇಲೆ ಹಲಗೆ ಇಟ್ಟಂತೆ. ಹಾರಾಟ ಮಾತ್ರ ಬೊಂಬಾಟ್.

ಟ್ರಿಮ್ ಮಾಡುವುದು ಇವತ್ತಿಗೂ ಇದರ ಅತಿ ಸೊಗಸಾದ ಭಾಗ. ಬಾಲದ ಮುಂದಿನ ಅಂಚಿನ ಕೆಳಗೆ ಅರ್ಧ ಮಿಲಿಮೀಟರ್ ದಪ್ಪದ ಬಾಲ್ಸಾ ಮರದ ಚೂರು ಸೇರಿಸಿದರೆ ಸಾಕು, ತೇಲುವ ರೀತಿಯೇ ಬದಲಾಗುತ್ತದೆ. ಕೈಯಿಂದ ಮೆಲ್ಲಗೆ ಎಸೆದು ನೋಡುವುದು, ಮೂತಿ ಎತ್ತಿ ಎತ್ತಿ ಬೀಳುತ್ತಿದ್ದರೆ ಒಂದು ಚೂರು ಸೇರಿಸುವುದು ಅಥವಾ ಮೂತಿಗೆ ತೂಕ ಹಾಕುವುದು, ಮತ್ತೆ ಎಸೆಯುವುದು. ಕಾರಣ ಮತ್ತು ಪರಿಣಾಮ ಇಷ್ಟು ಹತ್ತಿರದಲ್ಲಿ ಕಾಣಿಸುವ ಭೌತಶಾಸ್ತ್ರದ ಪಾಠ ಬೇರೆ ಇದೆಯೋ ಇಲ್ಲವೋ ಗೊತ್ತಿಲ್ಲ.

ಇವು ಹಾರುವ ವೇಗವೂ ಮನಸ್ಸು ಸೆಳೆಯುತ್ತದೆ, ಅಲ್ವಾ? ಅಷ್ಟು ನಿಧಾನ. ಒಂದು ಕಿಲೋ ತೂಕದ ವಿಮಾನಕ್ಕೆ 0.4 ಚದರ ಮೀಟರ್ ರೆಕ್ಕೆ ಇದೆ ಅನ್ನಿ. ಚದರ ಮೀಟರಿಗೆ ಎರಡೂವರೆ ಕಿಲೋ ಹೊರೆ. ಇಂಥದ್ದು ವೇಗ ಗಂಟೆಗೆ ಸುಮಾರು 22 ಕಿಲೋಮೀಟರಿಗೆ ಇಳಿದರೂ ಬೀಳದೆ ಹಾರಬಲ್ಲದು. ಸೈಕಲ್ಲಿನಲ್ಲಿ ಹಿಂದೆ ಹೋಗಬಹುದಾದ ವೇಗ. ಎದುರು ಗಾಳಿ ಸ್ವಲ್ಪ ಇದ್ದರೆ ನಿಂತಲ್ಲೇ ನಿಂತಂತೆ ಕಾಣುತ್ತದೆ. ಹೊರೆ ಮೂರು ಪಟ್ಟಾದರೆ ಕನಿಷ್ಠ ವೇಗ ಮೂರು ಪಟ್ಟಾಗುವುದಿಲ್ಲ, ಮೂರರ ವರ್ಗಮೂಲದಷ್ಟು, ಅಂದರೆ 1.7 ಪಟ್ಟು. ಆದರೆ ನೆಲಕ್ಕೆ ಬಡಿದಾಗ ಲೆಕ್ಕಕ್ಕೆ ಬರುವುದು ವೇಗದ ವರ್ಗ. ಅಷ್ಟೇ ರೆಕ್ಕೆಯ ಮೂರು ಕಿಲೋ ವಿಮಾನಕ್ಕೆ ತೂಕವೂ ಮೂರು ಪಟ್ಟು, ವೇಗದ ವರ್ಗವೂ ಮೂರು ಪಟ್ಟು, ಪೆಟ್ಟಿನ ಶಕ್ತಿ ಒಂಬತ್ತು ಪಟ್ಟು. ಹಗುರ ವಿಮಾನ ಹುಲ್ಲಿಗೆ ಬಿದ್ದರೆ ಮುರಿದ ಕಡ್ಡಿಗೆ ಅಂಟು ಹಾಕಿ ಸಂಜೆಯೊಳಗೆ ಮತ್ತೆ ಹಾರಿಸುವುದು ಇದರಿಂದಲೇ.

ಹಗುರವಾಗಿರಲು ಮುಖ್ಯ ಕಾರಣ ಬಾಲ್ಸಾ. ದಕ್ಷಿಣ ಅಮೆರಿಕದ, ಅದರಲ್ಲೂ ಈಕ್ವೆಡಾರ್‌ನ ಮರ ಇದು. ಸಸಿ ನೆಟ್ಟು ಹತ್ತು ವರ್ಷದೊಳಗೇ ಕಡಿಯಬಹುದು. ಒಂದು ಘನ ಮೀಟರ್ ನೀರು 1000 ಕಿಲೋ ತೂಗಿದರೆ ಅಷ್ಟೇ ಬಾಲ್ಸಾ ಸಾಮಾನ್ಯವಾಗಿ 100ರಿಂದ 200 ಕಿಲೋ. ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ಮಸ್ಕೀಟೋ ಯುದ್ಧವಿಮಾನದ ಮೈಯನ್ನೂ ಬರ್ಚ್ ಪ್ಲೈವುಡ್ಡಿನ ಎರಡು ಪದರದ ನಡುವೆ ಬಾಲ್ಸಾ ತುಂಬಿ ಮಾಡಿದ್ದರು. ಮಾಡೆಲ್ ಕಟ್ಟುವವರು ನಕ್ಷೆಯ ಮೇಲೇ ಕಡ್ಡಿಗಳನ್ನಿಟ್ಟು, ಗುಂಡುಸೂಜಿ ಚುಚ್ಚಿ, ಅಂಟಿಸಿ ಹಂದರ ಮಾಡುತ್ತಾರೆ. ಮೇಲೆ ಟಿಶ್ಯೂ ಕಾಗದ ಹೊದಿಸಿ, ನೀರು ಚಿಮುಕಿಸಿ, ಒಣಗಿ ಬಿಗಿಯಾದ ಮೇಲೆ ಡೋಪ್ ಎಂಬ ಮೆರುಗೆಣ್ಣೆ ಬಳಿಯುತ್ತಾರೆ. ಬಿಗಿದ ಕಾಗದ ಬರೀ ಹೊದಿಕೆಯಲ್ಲ. ರೆಕ್ಕೆ ತಿರುಚಿಕೊಳ್ಳದಂತೆ ಹಿಡಿಯುವುದೂ ಅದೇ. ಬೆಳಕಿಗೆ ಎದುರಾಗಿ ಹಾರಿದಾಗ ಒಳಗಿನ ಹಂದರವೆಲ್ಲ ಕಾಣುತ್ತದೆ.

ಚಿಕ್ಕದಾಗಿ, ನಿಧಾನವಾಗಿ ಹಾರುವುದಕ್ಕೆ ಬೆಲೆಯೂ ಇದೆ. ಗಾಳಿಗೆ ಸ್ವಲ್ಪ ಅಂಟುಗುಣ ಇರುತ್ತದೆ. ದೊಡ್ಡ ವಿಮಾನಕ್ಕೆ ಅದು ಹೆಚ್ಚು ಲೆಕ್ಕಕ್ಕಿಲ್ಲ, ಚಿಕ್ಕದಕ್ಕೆ ಇದೆ. ಇದನ್ನು ಅಳೆಯುವ ರೆನಾಲ್ಡ್ಸ್ ಸಂಖ್ಯೆ ನಾಲ್ಕು ಸೀಟಿನ ವಿಮಾನದ ರೆಕ್ಕೆಯಲ್ಲಿ ಐವತ್ತು ಲಕ್ಷದ ಆಸುಪಾಸು. ನಮ್ಮ ಮಾಡೆಲ್‌ನಲ್ಲಿ ಲಕ್ಷದ ಆಸುಪಾಸು. ಇಷ್ಟು ಕೆಳಗೆ ಗಾಳಿಯ ಪದರ ರೆಕ್ಕೆಯ ಬೆನ್ನಿಗೆ ಅಂಟಿಕೊಂಡು ಹೋಗುವ ಬದಲು ಬೇಗನೆ ಬಿಟ್ಟುಕೊಳ್ಳುತ್ತದೆ. ಆ ಪದರವನ್ನು ಬೇಕೆಂದೇ ಸ್ವಲ್ಪ ಕಲಕಿದರೆ ಅದು ಮತ್ತೆ ಅಂಟಿಕೊಳ್ಳುತ್ತದೆ ಎಂದು ಜರ್ಮನಿಯ ಎಫ್. ಡಬ್ಲ್ಯೂ. ಸ್ಮಿಟ್ಸ್ ಪ್ರಯೋಗ ಮಾಡಿ ತೋರಿಸಿದರು. ರೆಕ್ಕೆಯ ಮುಂದೆ ಒಂದು ದಾರ ಕಟ್ಟಿದರೂ ಆದೀತು. ಹಳೆಯ ರೆಕ್ಕೆಗಳ ಮೇಲ್ಮೈಯಲ್ಲಿ ಕಡ್ಡಿಗಳ ಏಣು ಎದ್ದು ಕಾಣುತ್ತದಲ್ಲ, ಅದೂ ಗಾಳಿಯನ್ನು ಹೀಗೆ ಕಲಕಬಲ್ಲದು. ನುಣ್ಣಗೆ ಉಜ್ಜಿದ ರೆಕ್ಕೆಯೇ ಮೇಲು ಎನ್ನುವ ಹಾಗಿಲ್ಲ.

ಶಕ್ತಿಯ ವಿಷಯಕ್ಕೆ ಬಂದರೆ, ಮೊದಲು ರಬ್ಬರ್. ಒಳ್ಳೆಯ ರಬ್ಬರನ್ನು ಪೂರ್ತಿ ಹಿಗ್ಗಿಸಿದರೆ ಅದರಲ್ಲಿ ಕೂಡುವ ಶಕ್ತಿ ಅದೇ ರಬ್ಬರನ್ನು ಸುಮಾರು ಒಂದು ಕಿಲೋಮೀಟರ್ ಎತ್ತರಕ್ಕೆ ಎತ್ತುವಷ್ಟು. 1930ರ ದಶಕದ ಮೊದಲಲ್ಲಿ ಬಿಲ್ ಬ್ರೌನ್ ರೂಪಿಸಿದ ಪುಟ್ಟ ಪೆಟ್ರೋಲ್ ಎಂಜಿನ್ನನ್ನು ಮ್ಯಾಕ್ಸ್‌ವೆಲ್ ಬ್ಯಾಸೆಟ್ ತಮ್ಮ ವಿಮಾನಕ್ಕೆ ಹಾಕಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಗೆ ತಂದರು. ರಬ್ಬರಿನವರು ಇದರ ಎದುರು ನಿಲ್ಲುವುದು ಕಷ್ಟವಾಗಿ, ಎಂಜಿನ್ ವಿಮಾನಗಳಿಗೆ ಬೇರೆಯೇ ಸ್ಪರ್ಧೆ ಆಯಿತು. ಆ ಎಂಜಿನ್ನಿಗೆ ಕಿಡಿ ಹೊತ್ತಿಸಲು ಕಾಯಿಲ್, ಕಂಡೆನ್ಸರ್, ಬ್ಯಾಟರಿ ಎಲ್ಲ ಹೊರಬೇಕಿತ್ತು. ಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಪುಟಾಣಿ ಡೀಸೆಲ್ ಎಂಜಿನ್‌ಗಳ ಕಾಲ ಬಂತು. ಈಥರ್, ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿದ ಇಂಧನ. ಒತ್ತಿದರೆ ಸಾಕು, ಈಥರ್ ತಾನೇ ಹೊತ್ತಿಕೊಳ್ಳುತ್ತದೆ, ಕಿಡಿ ಬೇಡ. ಮೇಲಿನ ಸ್ಕ್ರೂ ತಿರುಗಿಸಿ ಒತ್ತಡ ಹೊಂದಿಸಬೇಕು. 1950ರಲ್ಲಿ ವಿಕ್ ಸ್ಮೀಡ್ ರೂಪಿಸಿದ 'ಟಾಮ್‌ಬಾಯ್' ಇಂಥ ಮುಕ್ಕಾಲು ಸಿಸಿ ಡೀಸೆಲ್‌ಗೆಂದೇ ಹುಟ್ಟಿದ್ದು, ಇಂದಿಗೂ ಅದಕ್ಕೆ ಸ್ಪರ್ಧೆಗಳು ನಡೆಯುತ್ತವೆ. ಆ ಹೊಗೆಯ ವಾಸನೆಗಾಗಿಯೇ ಹಳೆ ಎಂಜಿನ್ ಬಿಡದವರಿದ್ದಾರೆ. ಅದು ಬಟ್ಟೆಗೆ ಹತ್ತಿದರೆ ಮನೆಯವರೆಲ್ಲರೂ ಹೊಗಳುತ್ತಾರೆ ಎಂದೇನಿಲ್ಲ.

ತಾನೇ ಹಾರುವ ವಿಮಾನಕ್ಕೆ ಒಂದು ದೊಡ್ಡ ತೊಂದರೆ ಇತ್ತು. ಅದು ವಾಪಸು ಬರುತ್ತಿರಲಿಲ್ಲ. ಬಿಸಿಲಿಗೆ ಕಾದ ನೆಲದಿಂದ ಗಾಳಿ ಸೆಕೆಂಡಿಗೆ ಒಂದೆರಡು ಮೀಟರ್ ವೇಗದಲ್ಲಿ ಮೇಲೇಳುತ್ತಿರುತ್ತದೆ. ಇದೇ ಥರ್ಮಲ್. ಒಳ್ಳೆಯ ಮಾಡೆಲ್ ತೇಲುವಾಗ ಸೆಕೆಂಡಿಗೆ ಅರ್ಧ ಮೀಟರಿನಷ್ಟೇ ಇಳಿಯುತ್ತದೆ. ಥರ್ಮಲ್ಲಿಗೆ ಸಿಕ್ಕರೆ ಇಳಿಯುವ ಬದಲು ಏರುತ್ತಲೇ ಹೋಗುತ್ತದೆ, ಚುಕ್ಕೆಯಾಗುತ್ತದೆ, ಕಾಣೆಯಾಗುತ್ತದೆ. ಚೆನ್ನಾಗಿ ಕಟ್ಟಿದ್ದಕ್ಕೇ ಶಿಕ್ಷೆ! ಅದಕ್ಕೆ ಕಂಡುಕೊಂಡ ಉಪಾಯ ಬಹಳ ಜಾಣತನದ್ದು. ಬಾಲವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಆ ಬ್ಯಾಂಡಿಗೆ ತಾಗುವಂತೆ ನಿಧಾನವಾಗಿ ಉರಿಯುವ ಬತ್ತಿ ಇಡುತ್ತಿದ್ದರು. ಕೆಲವು ನಿಮಿಷದ ನಂತರ ಬತ್ತಿ ಬ್ಯಾಂಡನ್ನು ಸುಡುತ್ತದೆ, ಬಾಲ ಫಟ್ಟನೆ ಮೇಲೇಳುತ್ತದೆ, ತೇಲುವ ಗುಣವೇ ಹೋಗಿ ವಿಮಾನ ಮೈಚಾಚಿಕೊಂಡು ಮೆಲ್ಲಗೆ ಕೆಳಗೆ ಬರುತ್ತದೆ.

ರೇಡಿಯೊ ಕೂಡ ಇದೇ ಕಾಲದಲ್ಲಿ ಕಣ್ಣು ಬಿಡುತ್ತಿತ್ತು. 1937ರಲ್ಲಿ ಅಮೆರಿಕದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಮೊದಲ ಸಲ ರೇಡಿಯೊ ವಿಭಾಗ ಇಟ್ಟರು, ಚೆಸ್ಟರ್ ಲ್ಯಾಂಜೊ ಗೆದ್ದರು. ಮುಂದಿನ ವರ್ಷಗಳಲ್ಲಿ ಗೆದ್ದ ಗುಡ್ ಸಹೋದರರ 'ಗಫ್' ವಿಮಾನ ಈಗ ಅಮೆರಿಕದ ಸ್ಮಿತ್ಸೋನಿಯನ್ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಆ ದಿನಗಳ, ಯುದ್ಧಾನಂತರದ ಸರಳ ಸೆಟ್ಟುಗಳಲ್ಲಿ ಪೈಲಟ್ ಕೈಯಲ್ಲಿದ್ದದ್ದು ಒಂದು ಗುಂಡಿ. ಒತ್ತಿದರೆ ರಡರ್ (ನಿಂತ ಬಾಲದ ತಿರುಗುವ ಹಲಗೆ) ಪೂರ್ತಿ ಬಲಕ್ಕೆ, ಬಿಟ್ಟರೆ ಮಧ್ಯಕ್ಕೆ, ಇನ್ನೊಮ್ಮೆ ಒತ್ತಿದರೆ ಪೂರ್ತಿ ಎಡಕ್ಕೆ. ಅದನ್ನು ತಿರುಗಿಸುತ್ತಿದ್ದದ್ದೂ ತಿರುಚಿದ ರಬ್ಬರೇ. ಮುಂದಿನ ಸರದಿ ಬಲದ್ದೋ ಎಡದ್ದೋ ಎಂದು ನೆನಪಿಟ್ಟುಕೊಳ್ಳುವುದು ಪೈಲಟ್ ಕೆಲಸ. ಹಾರುವುದು ವಿಮಾನದ ಕೆಲಸ. ಪೈಲಟ್ ಸಲಹೆ ಕೊಡಬಹುದು, ಅಷ್ಟೇ.

ಇಂದು ವಿಂಟೇಜ್ ವಿಮಾನ ಹಾರಿಸುವವರು ಬಹುಪಾಲು ಇದನ್ನೇ ಮಾಡುತ್ತಾರೆ. ಫ್ರೀ ಫ್ಲೈಟ್ ನಕ್ಷೆಗೆ ರಡರ್, ಮೂತಿ ಏರಿಳಿಸುವ ಎಲಿವೇಟರ್ ಸೇರಿಸಿ, ಕಳೆದುಹೋಗದಂತೆ ನೋಡಿಕೊಳ್ಳುತ್ತಾರೆ. ಜೋರು ಗಾಳಿಯಲ್ಲಿ ಇವು ಪ್ರಯೋಜನವಿಲ್ಲ. ಗಾಳಿಯ ವೇಗ ವಿಮಾನದ ವೇಗವನ್ನು ಮೀರಿದರೆ ಹಿಂದಕ್ಕೇ ಹೋಗುತ್ತದೆ. ತಲೆಕೆಳಗಾಗಿ ಹಾರಿಸಲು ಹೋದರೆ ಡೈಹೆಡ್ರಲ್ ಹಟ ಹಿಡಿದು ಮತ್ತೆ ನೆಟ್ಟಗೆ ಮಾಡುತ್ತದೆ. ಎಂಜಿನ್ ಬದಲು ವಿದ್ಯುತ್ ಮೋಟಾರು ಹಾಕುವವರೂ ಈಗ ಬಹಳ. ಸದ್ದಿಲ್ಲ, ಎಣ್ಣೆಯ ಜಿಡ್ಡಿಲ್ಲ. ಅವರಿಗೊಂದು ವಿಚಿತ್ರ ಪೇಚು ಎದುರಾಗುತ್ತದೆ. ಹಳೆಯ ನಕ್ಷೆ ಮಾಡಿದವರು ಭಾರದ ಎಂಜಿನ್ ಇರುತ್ತದೆಂದು ಮೂತಿಯನ್ನು ಗಿಡ್ಡ ಮಾಡಿದ್ದರು. ಇಂದಿನ ಮೋಟಾರು ಹಗುರ, ರಿಸೀವರ್ ತೂಕ ಹತ್ತು ಗ್ರಾಂ ಆಸುಪಾಸು. ಬ್ಯಾಟರಿಯನ್ನು ಎಷ್ಟು ಮುಂದೆ ತಳ್ಳಿದರೂ ಕೆಲವೊಮ್ಮೆ ತೂಕದ ಕೇಂದ್ರ ಹಿಂದೆಯೇ ಉಳಿಯುತ್ತದೆ. ಹಾಗಾಗಿ ಬಾಲದಲ್ಲಿ ಗ್ರಾಂ ಗ್ರಾಂ ಲೆಕ್ಕ ಹಾಕಿ ಮರ ಕೆತ್ತಿ ತೆಗೆದವರೇ ಕೊನೆಗೆ ಮೂತಿಯಲ್ಲಿ ಸೀಸದ ಗಟ್ಟಿ ಅಂಟಿಸುತ್ತಾ ಕೂರುತ್ತಾರೆ.