ನಾರು ಕೊಳೆತರೆ ಸಾಲದು, ಅಂಟೂ ಕೊಳೆಯಬೇಕು

ಮಲ್ಪೆ ಬಂದರಿನ ಫೈಬರ್ ದೋಣಿಯಲ್ಲಿ ಇರುವುದು ಎರಡು ವಸ್ತು. ಗಾಜಿನ ಎಳೆ, ಮತ್ತು ಅದನ್ನು ಹಿಡಿದಿಡುವ ರೆಸಿನ್ ಎಂಬ ಅಂಟು. ಭಾರ ಹೊರುವುದು ಎಳೆ. ಆ ಭಾರವನ್ನು ಎಳೆಯಿಂದ ಎಳೆಗೆ ದಾಟಿಸುವುದು ಅಂಟು. ಇದೇ ಕಾಂಪೋಸಿಟ್. ಹಗುರ, ಗಟ್ಟಿ, ನಿಜ. ಆದರೆ ದೋಣಿ ಹಳತಾದ ಮೇಲೆ ಅದು ಮಣ್ಣಿಗೆ ಸೇರುವುದಿಲ್ಲ, ಕರಗಿಸಿ ಮತ್ತೆ ಎರಕ ಹೊಯ್ಯಲೂ ಆಗುವುದಿಲ್ಲ.

ಗಾಜಿನ ಬದಲು ಗಿಡದ ನಾರು ಹಾಕಿದರೆ? ಸಾಂದ್ರತೆಯಲ್ಲಿ ಅದು ಗಾಜಿನ ಅರ್ಧದಷ್ಟೇ. ನಮ್ಮ ಕರಾವಳಿಯಲ್ಲಿ ನಾರಿಗೆ ಬರವೂ ಇಲ್ಲ. ಅಡಿಕೆ ಸುಲಿದ ಸಿಪ್ಪೆ ಬಚ್ಚಲ ಒಲೆಗೋ ತೋಟದ ಬುಡಕ್ಕೋ ಹೋಗುತ್ತದೆ, ಅಲ್ವಾ?

ಎಲ್ಲ ನಾರೂ ಒಂದೇ ಅಲ್ಲ. ನಾರಿನ ಗೋಡೆಯಲ್ಲಿ ಸೆಲ್ಯುಲೋಸ್ ಎಂಬ, ಗಿಡಕ್ಕೆ ಗಟ್ಟಿತನ ಕೊಡುವ ವಸ್ತುವಿನ ಅತಿ ಸಣ್ಣ ಎಳೆಗಳು ಓರೆಯಾಗಿ ಸುತ್ತಿಕೊಂಡಿರುತ್ತವೆ. ಸೆಣಬಿನಲ್ಲಿ ಆ ಓರೆ ಕಡಿಮೆ, ಸೆಲ್ಯುಲೋಸ್ ಜಾಸ್ತಿ. ಹಾಗಾಗಿ ಅದು ಬಲವಾದ ಎಳೆತವನ್ನೂ ತಾಳುತ್ತದೆ. ತೆಂಗಿನ ನಾರಿನಲ್ಲಿ ಓರೆ 30ರಿಂದ 45 ಡಿಗ್ರಿ. ಎಳೆದರೆ ಸ್ಪ್ರಿಂಗಿನಂತೆ ಹಿಗ್ಗುತ್ತದೆ. ಅಷ್ಟು ಭಾರ ಹೊರದಿದ್ದರೂ ಪೆಟ್ಟು ತಿನ್ನುವ ಕೆಲಸಕ್ಕೆ ಒಳ್ಳೆಯದು. ಮರವನ್ನು ಗಡುಸಾಗಿಸುವ ಲಿಗ್ನಿನ್ ಎಂಬ ವಸ್ತು ಜಾಸ್ತಿ ಇರುವುದರಿಂದ ಬೇಗ ಕೊಳೆಯುವುದೂ ಇಲ್ಲ.

ತೊಂದರೆ ಇರುವುದು ನೀರಿನಲ್ಲಿ. ಗಿಡದ ನಾರಿಗೆ ನೀರೆಂದರೆ ಇಷ್ಟ, ಅಂಟಾಗಿ ಬಳಸುವ ಹೆಚ್ಚಿನ ಪ್ಲಾಸ್ಟಿಕ್‌ಗೆ ಆಗದು. ಹಾಗಾಗಿ ಇಬ್ಬರೂ ಸರಿಯಾಗಿ ಅಂಟಿಕೊಳ್ಳುವುದಿಲ್ಲ. ಮಂಗಳೂರಿನ ಆಷಾಢದ ತೇವಕ್ಕೆ ನಾರು ಉಬ್ಬುತ್ತದೆ, ಬಿಸಿಲಿಗೆ ಕುಗ್ಗುತ್ತದೆ, ನಡುವೆ ಬಿರುಕು ಬೀಳುತ್ತದೆ. ಅದಕ್ಕೇ ನಾರನ್ನು ಮೊದಲು ತೆಳುವಾದ ಕಾಸ್ಟಿಕ್ ಸೋಡಾ ನೀರಿನಲ್ಲಿ ನೆನೆಸುತ್ತಾರೆ. ಮೇಲಿನ ಮೇಣ, ಕೊಳೆ ಹೋಗಿ ಮೈ ಒರಟಾಗುತ್ತದೆ. ಅಂಟಿಗೆ ಹಿಡಿತ ಸಿಗುತ್ತದೆ. ಆದರೆ ಸೋಡಾ ಜಾಸ್ತಿಯಾದರೆ ನಾರೇ ಸೋಲುತ್ತದೆ.

ಇನ್ನು ಅಂಟಿನ ವಿಷಯ. ಅಡಿಕೆ ನಾರನ್ನು ಎಪಾಕ್ಸಿ, ಪಾಲಿಪ್ರೊಪಿಲೀನ್‌ನಂಥ ಪ್ಲಾಸ್ಟಿಕ್‌ಗೆ ಸೇರಿಸಿ ಸುಮ್ನೆ 'ಜೈವಿಕ' ಎಂದು ಕರೆಯುವುದು ತಪ್ಪು. ನಾರು ಕೊಳೆತರೂ ಪ್ಲಾಸ್ಟಿಕ್ ಹಾಗೇ ಉಳಿಯುತ್ತದೆ. ಸಸ್ಯದ ಸಕ್ಕರೆಯಿಂದ ಮಾಡುವ ಪಿ.ಎಲ್.ಎ. ಎಂಬ ಪ್ಲಾಸ್ಟಿಕ್ ಇದಕ್ಕಿಂತ ವಾಸಿ. ಅದು ಸುಮಾರು 170 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುವುದರಿಂದ ನಾರು ಸುಟ್ಟುಹೋಗುವುದಿಲ್ಲ. ಆದರೆ ಚೆನ್ನಾಗಿ ಕೊಳೆಯಲು 60 ಡಿಗ್ರಿಯಷ್ಟು ಬಿಸಿಯ ಗೊಬ್ಬರದ ಘಟಕ ಬೇಕು. ತೋಟದಲ್ಲೋ ಸಮುದ್ರದಲ್ಲೋ ಬಿಸಾಡಿದರೆ ವರ್ಷಗಟ್ಟಲೆ ಉಳಿಯುತ್ತದೆ. ಪಿಷ್ಟದ ಅಂಟು ಮಣ್ಣಿನಲ್ಲಿ ಬೇಗ ಕೊಳೆಯುತ್ತದೆ, ಆದರೆ ಮಳೆ ತಾಳುವುದಿಲ್ಲ.

ಹಾಗಾಗಿ ನನ್ನ ಮಟ್ಟಿಗೆ ದೋಣಿಯ ಆಸೆ ಸದ್ಯ ಬೇಡ. ಅಡಿಕೆ ಸಸಿ ಬೆಳೆಸುವ ಪಾಲಿಥೀನ್ ಚೀಲದ ಜಾಗಕ್ಕೆ ನಾರು-ಪಿಷ್ಟದ ಕುಂಡ ಬರಲಿ. ಸಸಿಯ ಜೊತೆಗೇ ಅದನ್ನೂ ಗುಂಡಿಗೆ ಇಳಿಸಬಹುದು.