ಪ್ರಾಕ್ಸಿ ಯುದ್ಧ: ಎಲ್ಲರಿಗೂ ಗೊತ್ತಿದ್ದರೂ ಗುಟ್ಟು ಯಾಕೆ?

ಈ ಪಾಠ ನನ್ನ ಎರಡು ವಾರ ತಿಂದಿತು. ನಿನ್ನೆ ರಾತ್ರಿ ಒಂದು ಗಂಟು ಬಿಚ್ಚಿಕೊಂಡಿತು. ಮರೆಯುವ ಮುಂಚೆ ಬರೆದಿಡುತ್ತಿದ್ದೇನೆ. ನನ್ನ ಹಾಗೆ ಒದ್ದಾಡುತ್ತಿರುವವರಿಗೂ ಉಪಯೋಗ ಆಗಬಹುದು.

ಪತ್ರಿಕೆಗಳಲ್ಲಿ ಇದಕ್ಕೆ ಪರೋಕ್ಷ ಯುದ್ಧ, ಛಾಯಾ ಸಮರ ಎಂದೆಲ್ಲ ಬರೆಯುತ್ತಾರೆ. ನಾನು ಪ್ರಾಕ್ಸಿ ಯುದ್ಧ ಎಂದೇ ಬರೆಯುತ್ತೇನೆ. ಕ್ಲಾಸಿನಲ್ಲಿ ಪ್ರಾಕ್ಸಿ ಹಾಕುವುದು ಎಂದರೆ ನಮಗೆಲ್ಲ ಗೊತ್ತೇ ಇದೆ. ಹೆಸರು ಒಬ್ಬರದು, ಹಾಜರಿ ಕೂಗುವ ದನಿ ಇನ್ನೊಬ್ಬರದು. ಇಲ್ಲೂ ಅಷ್ಟೇ. ಜಗಳ ಎರಡು ದೊಡ್ಡ ದೇಶಗಳದು, ಹೊಡೆದಾಡುವವರು ಮೂರನೆಯವರು. ಒಮ್ಮೊಮ್ಮೆ ಒಂದು ದೊಡ್ಡ ದೇಶ ತಾನೇ ಇಳಿದಿರುತ್ತದೆ, ಇನ್ನೊಂದು ಮಾತ್ರ ಮರೆಯಲ್ಲಿರುತ್ತದೆ. ನಾನು ಆರಿಸಿಕೊಂಡ ಅಫ್ಘಾನಿಸ್ತಾನದ ಉದಾಹರಣೆ ಈ ಎರಡನೇ ಜಾತಿಯದು.

ಮೂರು 'ದ'

ಯಾವುದೇ ಯುದ್ಧ ಕೊಟ್ಟರೂ ನಾನು ಈಗ ಮೂರೇ ಪ್ರಶ್ನೆ ಕೇಳಿಕೊಳ್ಳುತ್ತೇನೆ. ದುಡ್ಡು ಯಾರದು? ದಾರಿ ಯಾರದು? ದೇಹ ಯಾರದು? ಮೂರಕ್ಕೂ ಒಂದೇ ಉತ್ತರ ಬಂದರೆ ಅದು ಮಾಮೂಲಿ ಯುದ್ಧ. ದುಡ್ಡು ಒಬ್ಬರದು, ದೇಹ ಇನ್ನೊಬ್ಬರದು ಆದರೆ ಪ್ರಾಕ್ಸಿ.

1980ರ ದಶಕದ ಅಫ್ಘಾನಿಸ್ತಾನಕ್ಕೆ ಹಾಕಿ ನೋಡಿ. ಅಲ್ಲಿ ಒಳಗೆ ಬಂದ ಸೋವಿಯತ್ ಸೇನೆಯ ವಿರುದ್ಧ ಅಫ್ಘಾನ್ ದಂಗೆಕೋರರು ಹೋರಾಡುತ್ತಿದ್ದರು. ದುಡ್ಡು ಅಮೆರಿಕದ್ದು ಮತ್ತು ಸೌದಿ ಅರೇಬಿಯಾದ್ದು. ಅಮೆರಿಕ ಒಂದು ಡಾಲರ್ ಹಾಕಿದರೆ ಸೌದಿಯೂ ಒಂದು ಡಾಲರ್ ಹಾಕುವ ಒಪ್ಪಂದ ಇತ್ತು. 1980ರಲ್ಲಿ ಅಮೆರಿಕದ ಪಾಲು ವರ್ಷಕ್ಕೆ 2ರಿಂದ 3 ಕೋಟಿ ಡಾಲರ್. 1987ರ ಹೊತ್ತಿಗೆ ಅದು ಸುಮಾರು 63 ಕೋಟಿ. ದಾರಿ ಪಾಕಿಸ್ತಾನದ್ದು. ದೇಹ ಮಾತ್ರ ಅಫ್ಘಾನರದು.

ಇದೇ ಸೂತ್ರ ವಿಯೆಟ್ನಾಂಗೆ ಹಾಕಿದಾಗ ನನಗೆ ಒಂದು ವಿಷಯ ಥಟ್ಟನೆ ಹೊಳೆಯಿತು. ಉತ್ತರ ವಿಯೆಟ್ನಾಂಗೆ ಆಯುಧ ಬರುತ್ತಿದ್ದದ್ದು ಸೋವಿಯತ್ ಒಕ್ಕೂಟ ಮತ್ತು ಚೀನಾದಿಂದ, ಸಾಯುತ್ತಿದ್ದವರು ವಿಯೆಟ್ನಾಮಿಗಳು. ಅಂದರೆ ಮಾಸ್ಕೋ ಕಡೆಯಿಂದ ಅದು ಪ್ರಾಕ್ಸಿ. ಅಮೆರಿಕದ ಕಡೆ 58,000ಕ್ಕೂ ಹೆಚ್ಚು ಅವರದೇ ಸೈನಿಕರು ಸತ್ತರು, ಹಾಗಾಗಿ ಅವರಿಗೆ ಅದು ನೇರ ಯುದ್ಧ. ಒಂದೇ ಯುದ್ಧ ಒಂದು ಕಡೆಯಿಂದ ಪ್ರಾಕ್ಸಿ, ಇನ್ನೊಂದು ಕಡೆಯಿಂದ ಅಲ್ಲ. ಅಫ್ಘಾನಿಸ್ತಾನದಲ್ಲಿ ಇದು ತಿರುಗುಮುರುಗು ಆಯಿತು. ಅಲ್ಲಿ ಸುಮಾರು 15,000 ಸೋವಿಯತ್ ಸೈನಿಕರು ಸತ್ತರು, ಅಮೆರಿಕ ಮರೆಯಲ್ಲಿ ನಿಂತಿತ್ತು. ಪರೀಕ್ಷೆಯ ಉತ್ತರದಲ್ಲಿ ಈ ಹೋಲಿಕೆ ಬರೆಯಿರಿ, ಚೆನ್ನಾಗಿ ಕೂರುತ್ತದೆ.

'ದಾರಿ'ಯನ್ನು ಬಿಟ್ಟುಬಿಡಬೇಡಿ. ಎಲ್ಲರೂ ದುಡ್ಡು, ದೇಹ ಬರೆದು ಮುಗಿಸುತ್ತಾರೆ. ಹಡಗಿನಲ್ಲಿ ಬಂದ ಆಯುಧದ ಪೆಟ್ಟಿಗೆಗಳು ಕರಾಚಿ ಬಂದರಿನಲ್ಲಿ ಇಳಿಯುತ್ತಿದ್ದವು. ಅಲ್ಲಿಂದ ಪಾಕಿಸ್ತಾನದ ಗುಪ್ತಚರ ಸಂಸ್ಥೆ ಐಎಸ್‌ಐನ ಕೈಗೆ. ರೈಲು, ಲಾರಿಗಳಲ್ಲಿ ರಾವಲ್ಪಿಂಡಿ, ಪೇಶಾವರ, ಕ್ವೆಟ್ಟಾ ಕಡೆಗೆ. ಕೊನೆಗೆ ಲಾರಿ ಹತ್ತದ ಬೆಟ್ಟದ ಹಾದಿಯಲ್ಲಿ ಹೇಸರಗತ್ತೆಗಳ ಬೆನ್ನ ಮೇಲೆ. ಹೇಸರಗತ್ತೆಗಳೂ ಸಾಲದೆ ಚೀನಾದಿಂದ ತರಿಸಿದ್ದರು. ದಾರಿ ಇಷ್ಟು ಉದ್ದ ಇದ್ದರೆ ನಡುವೆ ಎಷ್ಟು ಸೋರುತ್ತದೆ ಯೋಚಿಸಿ. ಬಂದೂಕುಗಳು ಗಡಿಯ ಸಂತೆಗಳಲ್ಲಿ ಮಾರಾಟಕ್ಕೆ ಬಂದವು.

1988ರ ಏಪ್ರಿಲ್ 10ರ ಬೆಳಿಗ್ಗೆ ರಾವಲ್ಪಿಂಡಿಯ ಓಜ್ರಿ ಶಿಬಿರದ ಮದ್ದುಗುಂಡಿನ ಗೋದಾಮು ಸಿಡಿಯಿತು. ಅಫ್ಘಾನಿಸ್ತಾನಕ್ಕೆ ಹೋಗಬೇಕಿದ್ದ ರಾಕೆಟ್‌ಗಳು ರಾವಲ್ಪಿಂಡಿ, ಇಸ್ಲಾಮಾಬಾದ್‌ಗಳ ಮನೆ ಮೇಲೆ, ರಸ್ತೆ ಮೇಲೆ ಬಿದ್ದವು. ಕೆಲಸಕ್ಕೆ ಹೊರಟವರು, ಅಂಗಡಿ ತೆಗೆಯುತ್ತಿದ್ದವರು ಸತ್ತರು. ದಾರಿ ಕೊಟ್ಟವರೂ ಬೆಲೆ ತೆರುತ್ತಾರೆ.

ತಾರೀಖುಗಳು, ಬೇಗ ಬೇಗ

1978 ಏಪ್ರಿಲ್: ಕಾಬೂಲಿನಲ್ಲಿ ಕಮ್ಯುನಿಸ್ಟರ ಕ್ರಾಂತಿ. 1979 ಮಾರ್ಚ್: ಹೆರಾತ್ ನಗರದಲ್ಲಿ ಆ ಸರ್ಕಾರದ ವಿರುದ್ಧ ದಂಗೆ. 1979 ಜುಲೈ 3: ದಂಗೆಕೋರರಿಗೆ ಗುಟ್ಟಾಗಿ ನೆರವು ಕೊಡಲು ಅಮೆರಿಕದ ಅಧ್ಯಕ್ಷ ಕಾರ್ಟರ್ ಸಹಿ. ಆಗ ಕೊಟ್ಟದ್ದು ಆಯುಧ ಅಲ್ಲ, ಹಣ, ಔಷಧಿ, ರೇಡಿಯೊ ತರಹದ್ದು. 1979 ಡಿಸೆಂಬರ್ ಕೊನೆ: ಸೋವಿಯತ್ ಸೇನೆ ಒಳಗೆ. ಡಿಸೆಂಬರ್ 27ರಂದು ಅಫ್ಘಾನ್ ಅಧ್ಯಕ್ಷ ಹಫೀಜುಲ್ಲಾ ಅಮೀನ್ ಹತ್ಯೆ, ಅವರ ಜಾಗಕ್ಕೆ ಮಾಸ್ಕೋ ಬೆಂಬಲದ ಬಬ್ರಾಕ್ ಕರ್ಮಲ್. 1988 ಏಪ್ರಿಲ್ 14: ಸೋವಿಯತ್ ಸೇನೆ ವಾಪಸ್ ಹೋಗುವ ಜಿನೀವಾ ಒಪ್ಪಂದ. 1989 ಫೆಬ್ರವರಿ 15: ಸೋವಿಯತ್ ಸೇನೆಯ ಜನರಲ್ ಬೋರಿಸ್ ಗ್ರೊಮೊವ್ ಗಡಿಯ ಅಮು ದರ್ಯಾ ನದಿಯ ಸೇತುವೆ ದಾಟಿ ವಾಪಸ್.

ಇಲ್ಲಿ ಹೆರಾತ್ ಮುಖ್ಯ. ಅಮೆರಿಕದ ದುಡ್ಡು ಬರುವ ಮುಂಚೆಯೇ ಅಲ್ಲಿ ಜನ ಸಿಟ್ಟಿನಿಂದ ಎದ್ದಿದ್ದರು. ಹೊರಗಿನವರು ಉರಿಯುವ ಬೆಂಕಿಗೆ ಎಣ್ಣೆ ಸುರಿಯಬಹುದು, ಕಡ್ಡಿ ಗೀರಿದ್ದೂ ಅವರೇ ಎಂದು ಬರೆದರೆ ತಪ್ಪಾಗುತ್ತದೆ.

ನಾನು ಎಡವಿದ ಜಾಗ

ಪುಸ್ತಕದಲ್ಲಿ ಪ್ರಾಕ್ಸಿ ಯುದ್ಧದ ಮೊದಲ ಲಾಭ ಎಂದು ಕೊಡುವುದು ಇದನ್ನೇ: ನಾವಲ್ಲ ಎಂದು ಹೇಳಬಹುದು. ಕೋತಿ ತಾನು ತಿಂದು ಮೇಕೆ ಬಾಯಿಗೆ ಒರೆಸಿದ ಹಾಗೆ. ನಾನೂ ನೋಟ್ಸಿನಲ್ಲಿ 'ಶತ್ರುವಿಗೆ ಗೊತ್ತಾಗದ ಹಾಗೆ ಮಾಡುವ ಯುದ್ಧ' ಎಂದು ಬರೆದುಕೊಂಡಿದ್ದೆ.

ಆಮೇಲೆ ಓದುತ್ತಾ ಹೋದರೆ ಏನೂ ಹೊಂದುವುದೇ ಇಲ್ಲ. ಸೋವಿಯತ್ ಒಕ್ಕೂಟಕ್ಕೆ ಎಲ್ಲ ಗೊತ್ತಿತ್ತು. ಮಾಸ್ಕೋದ ಪತ್ರಿಕೆಗಳೇ ಅಮೆರಿಕದ ಕೈವಾಡ ಎಂದು ಬರೆಯುತ್ತಿದ್ದವು. ಅಮೆರಿಕದ ಪತ್ರಿಕೆಗಳಲ್ಲೂ ಬರುತ್ತಿತ್ತು. ಸಂಸದರು ಇನ್ನೂ ಜಾಸ್ತಿ ಕೊಡಿ ಎಂದು ಒತ್ತಾಯ ಮಾಡುತ್ತಿದ್ದರು. ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಿಟ್ಟು ಏನು ಲಾಭ? ಇಲ್ಲೇ ನಾನು ಹತ್ತು ದಿನ ಕೂತೆ.

ದಾರಿ ತೋರಿಸಿದ್ದು ಕೊರಿಯಾ ಯುದ್ಧ. 1950ರ ನವೆಂಬರಿನಿಂದ ಉತ್ತರ ಕೊರಿಯಾ ಪರವಾಗಿ ಸೋವಿಯತ್ ಪೈಲಟ್‌ಗಳೇ ಮಿಗ್-15 ವಿಮಾನ ಹಾರಿಸಿ ಅಮೆರಿಕದ ವಿಮಾನಗಳ ಜೊತೆ ಕಾದಾಡಿದರು. ವಿಮಾನದ ಮೇಲೆ ಚೀನಾ, ಕೊರಿಯಾದ ಗುರುತು. ಮೈಮೇಲೆ ಚೀನೀ ಸಮವಸ್ತ್ರ. ರೇಡಿಯೊದಲ್ಲಿ ರಷ್ಯನ್ ಮಾತಾಡಬೇಡಿ ಎಂಬ ಅಪ್ಪಣೆ. ಸಿಕ್ಕಿಬೀಳಬಾರದು ಎಂದು ಸಮುದ್ರದ ಮೇಲೆ, ಯುದ್ಧಭೂಮಿಯ ಆಚೆ ಹಾರುವಂತಿರಲಿಲ್ಲ. ಆದರೆ ಬಾಲಕ್ಕೆ ಗುಂಡು ಬಿದ್ದಾಗ ಯಾರು ತಾನೇ ಕಲಿತ ನಾಲ್ಕು ಕೊರಿಯನ್ ಪದ ನೆನಪಿಸಿಕೊಳ್ಳುತ್ತಾರೆ? ತಾಯಿನುಡಿಯೇ ಬಾಯಿಗೆ ಬರುತ್ತದೆ. ಅಮೆರಿಕದವರು ರೇಡಿಯೊ ಕದ್ದು ಕೇಳುತ್ತಿದ್ದರು. ರಷ್ಯನ್ ದನಿ ಅವರ ಕಿವಿಗೆ ಬಿತ್ತು.

ಆಗ ಅಮೆರಿಕ ಏನು ಮಾಡಿತು? ಜಗತ್ತಿಗೆ ಸಾರಲಿಲ್ಲ. ಸುಮ್ಮನಿತ್ತು. ರಷ್ಯನ್ನರು ನಮ್ಮ ಹುಡುಗರನ್ನು ಹೊಡೆದುರುಳಿಸುತ್ತಿದ್ದಾರೆ ಎಂದು ಬಾಯಿಬಿಟ್ಟರೆ ಅಮೆರಿಕದ ಜನ ಸುಮ್ಮನಿರುತ್ತಿರಲಿಲ್ಲ. ರಷ್ಯಾದ ಮೇಲೆ ಬೀಳಿ ಎನ್ನುತ್ತಿದ್ದರು. ಎರಡೂ ಕಡೆ ಅಣುಬಾಂಬ್ ಇತ್ತು. ಅಂದರೆ ಗುಟ್ಟು ಮಾಡಿದವನ ಗುಟ್ಟನ್ನು ಶತ್ರುವೇ ಕಾಪಾಡಿದ!

ಇಲ್ಲಿ ಗಂಟು ಬಿಚ್ಚಿತು. ಗೊತ್ತಿರುವುದು ಬೇರೆ, ಬಾಯಿಬಿಟ್ಟು ಒಪ್ಪಿಕೊಳ್ಳುವುದು ಬೇರೆ. ನಮ್ಮೂರಿನ ಬದುವಿನ ಜಗಳ ನೆನಪಾಯಿತು. ದಾಯಾದಿಯ ಮೇಲೆ ಕೇಸು ಹಾಕಿದವನಿಗೆ ವಕೀಲರ ಫೀಸು ಕೊಡುತ್ತಿರುವವರು ಯಾರು ಎಂದು ಇಡೀ ಊರಿಗೆ ಗೊತ್ತು. ದಾಯಾದಿಗೂ ಗೊತ್ತು. ಆದರೂ ಜಾತ್ರೆಯಲ್ಲಿ ಇಬ್ಬರೂ ಎದುರಾದರೆ 'ಊಟ ಆಯ್ತಾ' ಎನ್ನುತ್ತಾರೆ. 'ಹೌದು ಕಣೋ, ನಾನೇ ಕೊಟ್ಟೆ, ಏನೀಗ?' ಎಂದು ಒಬ್ಬ ನಾಲ್ಕು ಜನರ ಮುಂದೆ ಹೇಳಿಬಿಟ್ಟರೆ ಆಮೇಲೆ ಇನ್ನೊಬ್ಬ ಮಚ್ಚು ಹಿಡಿಯಲೇಬೇಕು. ಹಿಡಿಯದಿದ್ದರೆ ಮಾನ ಹೋಗುತ್ತದೆ. ಒಪ್ಪಿಕೊಳ್ಳದೇ ಇರುವುದು ಎದುರಾಳಿಗೆ ಸುಮ್ಮನಿರಲು ಒಂದು ನೆಪ ಕೊಡುತ್ತದೆ.

ಈಗ ಅಫ್ಘಾನಿಸ್ತಾನಕ್ಕೆ ವಾಪಸ್ ಬನ್ನಿ, ಎಲ್ಲ ಸರಿಹೋಗುತ್ತದೆ. ಮೊದಲ ವರ್ಷಗಳಲ್ಲಿ ಅಮೆರಿಕ ಕೊಡಿಸಿದ್ದು ಬಹುಪಾಲು ಸೋವಿಯತ್ ಮಾದರಿಯ ಆಯುಧಗಳನ್ನೇ. ಚೀನಾ, ಈಜಿಪ್ಟ್‌ಗಳಿಂದ ಕೊಂಡದ್ದು. ಸೋವಿಯತ್ ಸೈನಿಕನ ಕೈಗೆ ಸಿಕ್ಕ ಬಂದೂಕಿನಲ್ಲಿ ಅಮೆರಿಕದ ಹೆಸರು ಇರುವುದಿಲ್ಲ. ಪಾಕಿಸ್ತಾನವನ್ನು ಆಳುತ್ತಿದ್ದ ಜನರಲ್ ಜಿಯಾ, ಅಫ್ಘಾನಿಸ್ತಾನದ ನೀರು ಸರಿಯಾದ ಹದದಲ್ಲಿ ಕುದಿಯಬೇಕು ಎನ್ನುತ್ತಿದ್ದರಂತೆ. ಉಕ್ಕಿದರೆ ಸೋವಿಯತ್ ಸೇನೆ ಪಾಕಿಸ್ತಾನದ ಮೇಲೇ ತಿರುಗಬಹುದಿತ್ತು.

ಉಕ್ಕುವ ಹಂತಕ್ಕೂ ಒಮ್ಮೆ ಹೋಯಿತು. 1987ರಲ್ಲಿ ಐಎಸ್‌ಐ ಕಳಿಸಿದ ತಂಡಗಳು ಅಮು ದರ್ಯಾ ದಾಟಿ ಸೋವಿಯತ್ ನೆಲದೊಳಗೇ ದಾಳಿ ಮಾಡಿದವು. ಮಾಸ್ಕೋ ಪಾಕಿಸ್ತಾನಕ್ಕೆ ಕಟುವಾಗಿ ಎಚ್ಚರಿಕೆ ಕೊಟ್ಟಿತು. ದಾಳಿಗಳು ನಿಂತವು. ಅಫ್ಘಾನ್ ನೆಲದಲ್ಲಿ ಸಾವಿರಾರು ಸೈನಿಕರು ಸತ್ತರೂ ಸಹಿಸಿಕೊಂಡ ದೇಶ ತನ್ನ ಗಡಿಯೊಳಗಿನ ಕೆಲವು ದಾಳಿಗೆ ಕೆರಳಿತು. ಯಾರೂ ಬರೆದು ಸಹಿ ಮಾಡದ ಒಂದು ಗೆರೆ ಇತ್ತು, ಇಬ್ಬರಿಗೂ ಗೊತ್ತಿತ್ತು.

ಈ ಗುಟ್ಟು ಸ್ವಿಚ್ ಹಾಕಿ ಆರಿಸುವ ಹಾಗಿರುವುದಿಲ್ಲ. ಫ್ಯಾನಿನ ರೆಗ್ಯುಲೇಟರ್ ಹಾಗೆ ಸ್ವಲ್ಪ ಸ್ವಲ್ಪ ತಿರುಗುತ್ತದೆ. 1986ರಲ್ಲಿ ಅಮೆರಿಕ ತನ್ನದೇ ಸ್ಟಿಂಗರ್ ಕ್ಷಿಪಣಿ ಕೊಟ್ಟಿತು. ಹೆಗಲ ಮೇಲೆ ಇಟ್ಟು ಹೆಲಿಕಾಪ್ಟರ್ ಹೊಡೆಯುವ ಆಯುಧ. ಸೆಪ್ಟೆಂಬರ್ ಕೊನೆಯಲ್ಲಿ ಜಲಾಲಾಬಾದ್ ಹತ್ತಿರ ಮೊದಲ ಸಲ ಹಾರಿತು. ಅದು ಅಮೆರಿಕದ್ದಲ್ಲ ಎಂದು ಹೇಳಲು ಸಾಧ್ಯವೇ ಇರಲಿಲ್ಲ. ಅಷ್ಟು ಹೊತ್ತಿಗೆ ಸೋವಿಯತ್ ನಾಯಕ ಗೊರ್ಬಚೆವ್ ಈ ಯುದ್ಧವನ್ನು 'ರಕ್ತ ಸುರಿಯುವ ಗಾಯ' ಎಂದು ಕರೆದಾಗಿತ್ತು. ಸೋವಿಯತ್ ತಿರುಗಿ ಬೀಳುವ ಭಯ ಕಡಿಮೆ ಆದಾಗಲೇ ಗುಟ್ಟನ್ನೂ ಕಡಿಮೆ ಮಾಡಿದರು.

ದೊಡ್ಡ ದೇಶಗಳಿಗೆ ಇದು ಯಾಕೆ ಬೇಕು

ಮೇಲಿನದು ಅರ್ಥವಾದರೆ ಇದು ಸುಲಭ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಣ್ವಸ್ತ್ರ ಇರುವ ಎರಡು ದೇಶ ನೇರವಾಗಿ ಹೊಡೆದಾಡುವ ಹಾಗಿಲ್ಲ. ಮನೆಗೆ ಶವಪೆಟ್ಟಿಗೆ ಬರುವುದಿಲ್ಲ, ಹಾಗಾಗಿ ಜನ ಪ್ರಶ್ನೆ ಕೇಳುವುದಿಲ್ಲ. ಸೈಗಾನ್ ಬಿದ್ದದ್ದು 1975ರಲ್ಲಿ. ಐದು ವರ್ಷವೂ ಆಗಿರಲಿಲ್ಲ, ಇನ್ನೊಂದು ಯುದ್ಧಕ್ಕೆ ಮಕ್ಕಳನ್ನು ಕಳಿಸಿ ಎಂದರೆ ಅಮೆರಿಕದಲ್ಲಿ ಯಾರೂ ಕೇಳುತ್ತಿರಲಿಲ್ಲ. ಖರ್ಚೂ ಕಡಿಮೆ. ಆದರೆ ಆ ಕಡಿಮೆ ಖರ್ಚಿನ ಲೆಕ್ಕದಲ್ಲಿ ಸತ್ತ ಲಕ್ಷಾಂತರ ಅಫ್ಘಾನರು ಸೇರಿರುವುದಿಲ್ಲ. ಪಾಕಿಸ್ತಾನಕ್ಕೆ ಓಡಿಬಂದ 30 ಲಕ್ಷಕ್ಕೂ ಹೆಚ್ಚು ನಿರಾಶ್ರಿತರೂ ಸೇರಿರುವುದಿಲ್ಲ. ಪುಸ್ತಕಗಳು ಇದನ್ನು 'ಅಗ್ಗದ ಯುದ್ಧ' ಎಂದು ಬರೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕೈ ನಮ್ಮದಲ್ಲ, ಮನಸ್ಸೂ ನಮ್ಮದಲ್ಲ

ಪ್ರಾಕ್ಸಿಗೆ ತನ್ನದೇ ಗುರಿ ಇರುತ್ತದೆ. ನಡುವಿನ ದಾರಿಯವನಿಗೂ ಇರುತ್ತದೆ. 1980ರ ಜನವರಿಯಲ್ಲಿ ಕಾರ್ಟರ್ ಪಾಕಿಸ್ತಾನಕ್ಕೆ 40 ಕೋಟಿ ಡಾಲರ್ ಕೊಡುತ್ತೇವೆ ಎಂದರು. ಜಿಯಾ ಅದನ್ನು 'ಕಡಲೆಕಾಯಿ' ಎಂದು ತಳ್ಳಿಹಾಕಿದರು. ಕಾರ್ಟರ್ ಕಡಲೆಕಾಯಿ ಬೆಳೆಯುವ ಮನೆತನದವರು, ಹಾಗಾಗಿ ಮಾತು ಇನ್ನೂ ಚುಚ್ಚಿತು. ಮುಂದಿನ ವರ್ಷ ರೇಗನ್ ಸರ್ಕಾರ 320 ಕೋಟಿ ಡಾಲರಿನ ಆರು ವರ್ಷದ ನೆರವು ಒಪ್ಪಿತು, ಎಫ್-16 ವಿಮಾನಗಳನ್ನೂ ಮಾರಿತು. ಪಾಕಿಸ್ತಾನದ ಅಣುಬಾಂಬ್ ಕೆಲಸದ ಕಡೆ ಅಮೆರಿಕ ಕಣ್ಣು ಮುಚ್ಚಿಕೊಂಡಿತು. ಯಾವ ಗುಂಪಿಗೆ ಎಷ್ಟು ಆಯುಧ ಎಂದು ತೀರ್ಮಾನ ಮಾಡುತ್ತಿದ್ದದ್ದು ಐಎಸ್‌ಐ. ಪೇಶಾವರದಲ್ಲಿ ನೆಲೆಸಿದ್ದ ಅಫ್ಘಾನ್ ದಂಗೆಕೋರರ ಏಳು ಪಕ್ಷಗಳಲ್ಲಿ ಅತಿ ದೊಡ್ಡ ಪಾಲು ಗುಲ್ಬುದ್ದೀನ್ ಹೆಕ್ಮತ್ಯಾರ್‌ಗೆ ಹೋಯಿತು. ಅವರು ಅಮೆರಿಕವನ್ನೂ ಬಹಿರಂಗವಾಗಿ ಬೈಯುತ್ತಿದ್ದವರು. ದುಡ್ಡು ಕೊಟ್ಟವನಿಗೆ ಮಾತು ನಡೆಸುವ ಹಕ್ಕು ಸಿಗಲಿಲ್ಲ.

ನಮ್ಮ ದೇಶದ್ದೇ ಒಂದು ಉದಾಹರಣೆ ಇದೆ. ಪೂರ್ತಿ ಪ್ರಾಕ್ಸಿ ಯುದ್ಧ ಎನ್ನಲಾಗದು, ಕಾಯಿಲೆ ಮಾತ್ರ ಅದೇ. 1983ರ ನಂತರ ಭಾರತ ಶ್ರೀಲಂಕಾದ ತಮಿಳು ಗುಂಪುಗಳಿಗೆ ತರಬೇತಿ, ಆಯುಧ ಕೊಟ್ಟಿತು. ಎಲ್‌ಟಿಟಿಇಯೂ ಅದರಲ್ಲಿತ್ತು. 1987ರ ಅಕ್ಟೋಬರ್ ಹೊತ್ತಿಗೆ ಶ್ರೀಲಂಕಾಕ್ಕೆ ಹೋಗಿದ್ದ ಭಾರತದ ಶಾಂತಿಪಾಲನಾ ಪಡೆ ಅದೇ ಎಲ್‌ಟಿಟಿಇ ಜೊತೆ ಯುದ್ಧ ಮಾಡುತ್ತಿತ್ತು. 1,100ಕ್ಕೂ ಹೆಚ್ಚು ನಮ್ಮ ಸೈನಿಕರು ಸತ್ತರು. 1991ರ ಮೇ 21ರಂದು ಎಲ್‌ಟಿಟಿಇ ಕೈಯಿಂದಲೇ ರಾಜೀವ್ ಗಾಂಧಿ ಹತ್ಯೆ ಆಯಿತು. ಸಂಚಿನ ಮುಖ್ಯಸ್ಥ ಶಿವರಾಸನ್ ಮತ್ತು ಜೊತೆಗಿದ್ದವರು ಆ ಆಗಸ್ಟಿನಲ್ಲಿ ಬೆಂಗಳೂರಿನ ಕೋಣನಕುಂಟೆಯ ಒಂದು ಮನೆಯಲ್ಲಿ ಪೊಲೀಸರು ಸುತ್ತುವರಿದಾಗ ಪ್ರಾಣ ಕಳೆದುಕೊಂಡರು. ನಾನು ಕೋಚಿಂಗ್‌ಗೆ ಹೋಗುವಾಗ ದಿನಾ ಕೋಣನಕುಂಟೆ ಕ್ರಾಸ್ ಮೆಟ್ರೊ ಸ್ಟೇಷನ್ನಿನಲ್ಲಿ ಇಳಿಯುತ್ತೇನೆ. ಇದು ಓದಿದ ಮೇಲೆ ಆ ಹೆಸರಿನ ಬೋರ್ಡು ನೋಡಿದಾಗಲೆಲ್ಲ ಮನಸ್ಸು ಭಾರವಾಗುತ್ತದೆ.

ಇನ್ನು ಅಫ್ಘಾನಿಸ್ತಾನದ ಬಾಲ. ಸೋವಿಯತ್ ಸೇನೆ ಹೋದ ಮೇಲೂ ಕಾಬೂಲಿನ ನಜೀಬುಲ್ಲಾ ಸರ್ಕಾರ ಮೂರು ವರ್ಷ ನಿಂತಿತು, ಮಾಸ್ಕೋದಿಂದ ಹಣ, ಎಣ್ಣೆ, ಆಯುಧ ಬರುತ್ತಿದ್ದವರೆಗೆ. 1992ರ ಜನವರಿಯಿಂದ ಎರಡೂ ಕಡೆಯ ನೆರವು ನಿಂತಿತು. ಏಪ್ರಿಲಿನಲ್ಲಿ ಸರ್ಕಾರ ಬಿತ್ತು. ಗೆದ್ದ ಗುಂಪುಗಳು ತಮ್ಮತಮ್ಮಲ್ಲೇ ಹೊಡೆದಾಡಿ ಕಾಬೂಲನ್ನು ಪುಡಿ ಮಾಡಿದವು. ಹೆಕ್ಮತ್ಯಾರ್ ಪಡೆಯ ರಾಕೆಟ್‌ಗಳು ಬಿದ್ದದ್ದು ಆ ಊರಿನ ಮೇಲೆಯೇ. ಅದೇ ಹೊತ್ತಿಗೆ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಇನ್ನೊಂದು ಗುಟ್ಟಿನ ಕೆಲಸ ನಡೆಸುತ್ತಿತ್ತು. ಉಳಿದುಹೋದ ಸ್ಟಿಂಗರ್‌ಗಳು ವಿಮಾನ ಉರುಳಿಸುವವರ ಕೈಗೆ ಸಿಕ್ಕರೆ ಎಂಬ ಭಯಕ್ಕೆ, ತಾನು ಪುಕ್ಕಟೆ ಕೊಟ್ಟಿದ್ದನ್ನೇ ಒಂದೊಂದಾಗಿ, ಮೂಲ ಬೆಲೆಗಿಂತ ಜಾಸ್ತಿ ಕೊಟ್ಟು ವಾಪಸ್ ಕೊಳ್ಳುತ್ತಿತ್ತು.